ಹನ್ನೊಂದನೇ ಮಹಡಿಯ ಕೆಂದ

ಸಾಗರದ ಹತ್ತಿರದ ನಮ್ಮ ಅಜ್ಜಿ ಮನೆಯಲ್ಲಿ ಬೆಕ್ಕು ಸಾಕುವುದು ಅಂದರೆ ಊಟದ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಒಂದು ಹಿಡಿ ಹಾಲನ್ನ ಹಾಕುವುದು, ಅಷ್ಟೆ. ಉಳಿದಿದ್ದೆಲ್ಲ ಬೆಕ್ಕಿಗೇ ಬಿಟ್ಟಿದ್ದು. ಅಟ್ಟದ ಮೇಲೆ ಮರಿ ಹಾಕುತ್ತಿತ್ತು, ಅಡಿಕೆ ತೋಟದಲ್ಲಿ ಅಲೆಯುತ್ತಿತ್ತು. ಒಂದು ವಾರ ಕಾಣಲಿಲ್ಲ ಅಂದರೆ "ಎಲ್ಲೋ ಹೋಯ್ತು" ಅನ್ನುತ್ತಿದ್ದರು. ಎಲ್ಲಿಗೆ ಅಂತ ಯಾರೂ ಕೇಳುತ್ತಿರಲಿಲ್ಲ.

ಈಗ ನಾನಿರುವುದು ಸಿಂಗಪುರದ ಪುಂಗೋಲ್‌ನಲ್ಲಿ, ಹನ್ನೊಂದನೇ ಮಹಡಿಯ ಬಾಡಿಗೆ ಫ್ಲ್ಯಾಟಿನಲ್ಲಿ. ಇಲ್ಲಿ ಹಿತ್ತಲೂ ಇಲ್ಲ, ತೋಟವೂ ಇಲ್ಲ. ಕಿಟಕಿಯ ಆಚೆ ಬರೀ ಗಾಳಿ, ಕೆಳಗೆ ಸಿಮೆಂಟು.

ಈ ಊರಿನ 10 ಜನರಲ್ಲಿ ಸುಮಾರು 8 ಜನ ಇರುವುದು ಎಚ್‌ಡಿಬಿ ಮನೆಗಳಲ್ಲಿ, ಅಂದರೆ ಸರ್ಕಾರವೇ ಕಟ್ಟಿಸಿದ ಎತ್ತರದ ಕಟ್ಟಡಗಳಲ್ಲಿ. ಅಲ್ಲಿ ಬೆಕ್ಕು ಸಾಕುವ ಹಾಗೇ ಇರಲಿಲ್ಲ. 1989ರಿಂದ ನಿಷೇಧ. ಸಾಕುವವರು ಗುಟ್ಟಾಗಿ ಸಾಕುತ್ತಲೇ ಇದ್ದರು, ಅದು ಬೇರೆ ವಿಷಯ. 2024ರ ಸೆಪ್ಟೆಂಬರ್ 1ರಿಂದ ನಿಯಮ ಬದಲಾಯಿತು. ಒಂದು ಫ್ಲ್ಯಾಟಿಗೆ ಎರಡು ಬೆಕ್ಕು. ಮೈಯಲ್ಲಿ ಮೈಕ್ರೋಚಿಪ್ ಇರಬೇಕು, ಲೈಸೆನ್ಸ್ ಬೇಕು, ಮೊದಲ ಸಲ ಸಾಕುವವರು ಒಂದು ಆನ್‌ಲೈನ್ ಪಾಠ ಮುಗಿಸಬೇಕು. ಬೆಕ್ಕು ಕಿಟಕಿಯಿಂದ ಬೀಳದ ಹಾಗೆ ನೋಡಿಕೊಳ್ಳುವುದೂ ಸಾಕಿದವರ ಹೊಣೆ. ನಮ್ಮ ಮನೆ ಮಾಲೀಕರನ್ನು ಕೇಳಿದೆವು. ಅವರು "ಸೋಫಾ ಹಾಳಾದರೆ ನೀವೇ ಕೊಡಿ" ಅಂದು ಒಪ್ಪಿದರು. 2025ರ ಜನವರಿಯಲ್ಲಿ ಕೆಂದ ಬಂದ.

ಬಂದ ಅಂದರೆ ಸುಮ್ನೆ ಬರಲಿಲ್ಲ. ಬೀದಿಯಿಂದ ಅವನನ್ನು ಎತ್ತಿ ತಂದು ಸಾಕಿದ್ದ ಹೆಂಗಸು ಮೊದಲು ನಮ್ಮ ಕಿಟಕಿಗಳ ಫೋಟೋ ಕೇಳಿದರು. ಆಮೇಲೆ ಒಂದು ಭಾನುವಾರ ಖುದ್ದು ಬಂದರು. ಹೆಣ್ಣು ನೋಡಲು ಬಂದವರಿಗೆ ಮಾಡಿದ ಹಾಗೆ ನಾನು ಮನೆಯೆಲ್ಲ ಒರೆಸಿಟ್ಟಿದ್ದೆ. ಅವರು ನೆಲದ ಕಡೆ ನೋಡಲೂ ಇಲ್ಲ. ನೇರ ಕಿಟಕಿ ಹತ್ತಿರ ಹೋಗಿ ಗ್ರಿಲ್ಲಿನ ಸಂದಿಗೆ ಮುಷ್ಟಿ ತೂರಿಸಿದರು. ಮುಷ್ಟಿ ಆಚೆ ಹೋಯಿತು. "ಇದು ಹೋದರೆ ಬೆಕ್ಕೂ ಹೋಗುತ್ತದೆ" ಅಂದರು.

ನನಗೆ ನಂಬಿಕೆ ಬರಲಿಲ್ಲ. ನಾಲ್ಕು ಕೆಜಿ ಬೆಕ್ಕು ಅಷ್ಟು ಸಣ್ಣ ಸಂದಿಯಲ್ಲಿ? ಆದರೆ ಬೆಕ್ಕಿನ ಕತ್ತಿನ ಬುಡದ ಮೂಳೆ (ಕಾಲರ್ ಬೋನ್) ನಮ್ಮದರ ಹಾಗೆ ಭುಜಕ್ಕೆ ಗಟ್ಟಿಯಾಗಿ ಕೂಡಿಕೊಂಡಿರುವುದಿಲ್ಲ, ಮಾಂಸದ ಮಧ್ಯೆ ಸಡಿಲವಾಗಿರುತ್ತದೆ. ಹಾಗಾಗಿ ತಲೆ ತೂರಿತು ಅಂದರೆ ಮಿಕ್ಕ ಮೈಯನ್ನು ಅದು ಎಳೆದುಕೊಂಡು ಬಿಡುತ್ತದೆ. ಇಲ್ಲಿ ಫ್ಯಾಷನ್ನಿಗೆ ಹಾಕಿಸುವ ತೆಳು ಉಕ್ಕಿನ ತಂತಿಯ ಗ್ರಿಲ್ ಇದೆ. ಮಕ್ಕಳಿಗೆ ಸರಿ, ಬೆಕ್ಕಿಗೆ ಅದು ಬಾಗಿಲು.

ಊರಲ್ಲಿ ಎಲ್ಲರೂ ಹೇಳುವ ಮಾತೊಂದಿದೆ, ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೇ ನಿಲ್ಲುತ್ತದೆ ಅಂತ. ನನ್ನ ಗಂಡ ಅದಕ್ಕೆ ಪುರಾವೆಯನ್ನೂ ಹುಡುಕಿ ತಂದರು. 1987ರಲ್ಲಿ ನ್ಯೂಯಾರ್ಕಿನ ಪಶುವೈದ್ಯರು ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ಲೆಕ್ಕ ಬರೆದಿದ್ದರಂತೆ. ಚಿಕಿತ್ಸೆ ಸಿಕ್ಕವುಗಳಲ್ಲಿ ನೂರಕ್ಕೆ 90 ಬದುಕಿದವು. ಸರಿ, ಆದರೆ ಅದು ಆಸ್ಪತ್ರೆಗೆ ಬಂದ ಬೆಕ್ಕುಗಳ ಲೆಕ್ಕ. ಬಿದ್ದ ಜಾಗದಲ್ಲೇ ಸತ್ತ ಬೆಕ್ಕನ್ನು ಯಾರು ಡಾಕ್ಟರ ಹತ್ತಿರ ಒಯ್ಯುತ್ತಾರೆ? ಬದುಕಿದವಕ್ಕೂ ಎದೆಗೆ ಪೆಟ್ಟು, ದವಡೆ ಸೀಳು, ಕಾಲು ಮುರಿತ. ಕಾಲ ಮೇಲೆ ನಿಲ್ಲುವುದು ಬೇರೆ, ನಿಂತ ಮೇಲೆ ನಡೆಯುವುದು ಬೇರೆ. ಆ ವಾದ ಅಲ್ಲಿಗೆ ಮುಗಿಯಿತು.

ಜಾಲರಿ ಹಾಕುವಾಗ ಮೊದಲು ತಪ್ಪು ಮಾಡಿದೆವು. ಬಾಡಿಗೆ ಮನೆ, ಗೋಡೆಗೆ ತೂತು ಕೊರೆಯುವ ಹಾಗಿಲ್ಲ ಅಂತ ಸೊಳ್ಳೆ ಪರದೆಯಂಥ ಮ್ಯಾಗ್ನೆಟ್ ಜಾಲರಿ ತಂದು ಅಂಟಿಸಿದೆವು. ಕೆಂದ ಎರಡು ದಿನ ಅದನ್ನು ಮೂಸಿದ. ಮೂರನೇ ದಿನ ಮೈನಾ ಹಕ್ಕಿ ಕಿಟಕಿಯಂಚಲ್ಲಿ ಕೂತಿತು, ಇವನು ಹಾರಿದ, ಉಗುರು ಸಿಕ್ಕಿ ಜಾಲರಿ ಮೇಲಿಂದ ಕೆಳಗೆ ಪರ್ ಅಂತ ಹರಿಯಿತು. ಗಾಜು ಮುಚ್ಚಿದ್ದಕ್ಕೆ ಬಚಾವ್.

ಆಮೇಲೆ ಪ್ಲಾಸ್ಟಿಕ್ ಲೇಪದ ಕಬ್ಬಿಣದ ಜಾಲರಿ ತಂದೆವು. ಚೌಕದ ಕಣ್ಣುಗಳು ಕಿರುಬೆರಳಷ್ಟು ಅಗಲ. ಗ್ರಿಲ್ಲಿನ ಒಳಬದಿಗೆ ಹಿಡಿದು ಗೇಣಿಗೊಂದರ ಹಾಗೆ ಕೇಬಲ್ ಟೈ ಬಿಗಿದೆವು. ಕತ್ತರಿಸಿದ ತಂತಿಯ ತುದಿಗಳು ಬೆಕ್ಕಿನ ಕಣ್ಣಿಗೆ ಚುಚ್ಚಬಾರದು ಅಂತ ಅಂಚಿಗೆಲ್ಲ ಸೀಳಿದ ರಬ್ಬರ್ ಕೊಳವೆ ಸಿಗಿಸಿದೆವು. ಒಂದು ಶನಿವಾರ, ಮೂರು ಕಿಟಕಿ, ಗಂಡನ ಎರಡು ಬೆರಳಿಗೆ ಬ್ಯಾಂಡೇಜು. ಒಂದು ಮೊಳೆಯೂ ಹೊಡೆದಿಲ್ಲ, ಮನೆ ಬಿಡುವಾಗ ಕತ್ತರಿಯಲ್ಲಿ ಕತ್ತರಿಸಿ ತೆಗೆದರಾಯಿತು.

ಒಂದು ಕಿವಿಮಾತು. ಬಿಳಿ ಕೇಬಲ್ ಟೈ ತರಬೇಡಿ. ಇಲ್ಲಿನ ಬಿಸಿಲಿಗೆ ಅದು ಹಪ್ಪಳವಾಗುತ್ತದೆ. ಎಂಟು ತಿಂಗಳ ಮೇಲೆ ನಾನು ಕಿಟಕಿ ಒರೆಸುವಾಗ ಒಂದನ್ನು ಸುಮ್ನೆ ಬೆರಳಲ್ಲಿ ಹಿಂಡಿದೆ, ಚಟ್ ಅಂತ ಮುರಿಯಿತು. ಪಕ್ಕದ್ದು ಹಿಂಡಿದೆ, ಅದೂ ಚಟ್. ಹೊರಗಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಈಗ ಬಿಸಿಲು ತಡೆಯುವ ಕಪ್ಪು ಟೈ ಹಾಕಿದ್ದೇವೆ. ನಾಲ್ಕು ಮೂಲೆಗೆ ಸ್ಟೀಲಿನವು. ತಿಂಗಳಿಗೊಮ್ಮೆ ಬಾಡಿಗೆ ಕಟ್ಟುವ ದಿನ ಒಂದೊಂದನ್ನೂ ಹಿಂಡಿ ನೋಡುತ್ತೇನೆ.

ಮೇ ತಿಂಗಳಲ್ಲಿ ಅಮ್ಮ ಬಂದರು. ಬೆಕ್ಕನ್ನು ಮನೆಯೊಳಗೆ ಕೂಡಿ ಹಾಕುವುದು ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ. "ಪಾಪ, ಜೈಲಲ್ಲಿಟ್ಟ ಹಾಗೆ ಇಟ್ಟಿದೀರಲ್ಲ" ಅಂತ ದಿನಕ್ಕೊಮ್ಮೆ ಅನ್ನುತ್ತಿದ್ದರು. ಜೊತೆಗೆ ಇನ್ನೊಂದು. ಮುಸ್ಸಂಜೆ ದೀಪ ಹಚ್ಚುವಾಗ ಮುಂಬಾಗಿಲು ತೆರೆದಿರಬೇಕು, ಲಕ್ಷ್ಮಿ ಬರುವ ಹೊತ್ತು. ಸಿಂಗಪುರದಲ್ಲಿ ವರ್ಷವಿಡೀ ಸಂಜೆ ಏಳರ ಆಸುಪಾಸಿಗೇ ಸೂರ್ಯ ಮುಳುಗುವುದು, ಹಾಗಾಗಿ ಲಕ್ಷ್ಮಿಯ ಸಮಯವೂ ಗಟ್ಟಿ. ಇಲ್ಲಿನ ಮನೆಗಳಿಗೆ ಮರದ ಬಾಗಿಲ ಹೊರಗೆ ಕಬ್ಬಿಣದ ಗೇಟು ಇರುತ್ತದೆ. ಗೇಟಿಗೆ ಬೀಗ ಇದೆಯಲ್ಲ, ಇನ್ನೇನು ಭಯ ಅಂತ ಅಮ್ಮ ಬಾಗಿಲು ತೆರೆದಿಟ್ಟು ದೇವರ ಮುಂದೆ ಕೂತರು. ಕಿಟಕಿಗೆಲ್ಲ ಜಾಲರಿ ಹಾಕಿದ್ದ ನಾವು ಗೇಟನ್ನು ಮರೆತೇ ಬಿಟ್ಟಿದ್ದೆವು. ಅದರ ಸಂದಿಯೂ ಮುಷ್ಟಿಯಷ್ಟೇ.

ನಾನು ಆಫೀಸಿಂದ ಬಂದಾಗ ಏಳೂವರೆ. ಕೆಂದ ಇಲ್ಲ.

ಮೊದಲು ಕೆಳಗೆ ಓಡಿದೆ. ಕಟ್ಟಡದ ಬುಡದ ಖಾಲಿ ಜಾಗದಲ್ಲಿ, ಪಾರ್ಕಿಂಗಿನಲ್ಲಿ, ಗಿಡಗಳ ಕೆಳಗೆ ಟಾರ್ಚು ಹಾಕಿ ಒಂದೂವರೆ ಗಂಟೆ ಹುಡುಕಿದೆ. ಸಿಕ್ಕಿದ್ದು ಬೀದಿಯ ಮೂರು ಬೆಕ್ಕು. ಸಂತಾನ ಹರಣ ಚಿಕಿತ್ಸೆ ಆಗಿದೆ ಅನ್ನುವ ಗುರುತಿಗೆ ಅವುಗಳ ಎಡಗಿವಿಯ ತುದಿ ಕತ್ತರಿಸಿತ್ತು. ಮೂರೂ ನನ್ನನ್ನು ನೋಡಿ ಆಕಳಿಸಿದವು. ಪಕ್ಕದ ಮನೆಯ ಚೀನೀ ಆಂಟಿ ಕೊನೆಗೆ ಬುದ್ಧಿ ಹೇಳಿದರು. ಮನೆ ಬೆಕ್ಕು ಹೆದರಿದರೆ ದೂರ ಹೋಗುವುದಿಲ್ಲ, ಮೆಟ್ಟಿಲು ಹಿಡಿದು ಮಹಡಿ ಮಹಡಿಯೂ ನೋಡು ಅಂತ.

ಮೇಲಿನ ಮೂರು ಮಹಡಿ ನೋಡಿದೆ. ಹತ್ತನೇದು ನೋಡಿದೆ. ಒಂಬತ್ತನೇ ಮಹಡಿಯಲ್ಲಿ, ನಮ್ಮ ಮನೆಯ ನೇರ ಕೆಳಗಿನ ಮೂಲೆ ಮನೆ ಮುಂದೆ, ಚಪ್ಪಲಿ ಸ್ಟ್ಯಾಂಡಿನ ಹಿಂದೆ ಎರಡು ಕಣ್ಣು ಹೊಳೆದವು. ಬಾಲದ ತುದಿಯ ಗಂಟು ಕಂಡಿತು (ಇಲ್ಲಿನ ಬಹಳ ಬೆಕ್ಕುಗಳ ಬಾಲ ಹುಟ್ಟಿನಿಂದಲೇ ಹಾಗೆ ಮುರುಟಿರುತ್ತದೆ). ಬಾಗಿಲಿಗೆ ಮುಖ ಮಾಡಿ ಕೂತಿದ್ದ. ಎಲ್ಲ ಮಹಡಿಯೂ ಒಂದೇ ಅಚ್ಚು, ಒಂದೇ ಬಣ್ಣದ ಬಾಗಿಲು. ಅವನ ಲೆಕ್ಕದಲ್ಲಿ ಅವನು ಮನೆ ಮುಂದೆಯೇ ಇದ್ದ, ನಾವೇ ಬಾಗಿಲು ತೆಗೆದಿರಲಿಲ್ಲ.

ಅಮ್ಮ ಅಷ್ಟು ಹೊತ್ತೂ ದೇವರ ಮುಂದಿಂದ ಎದ್ದಿರಲಿಲ್ಲ. ಬೈಯಲು ನನಗೆ ಬಾಯಿ ಬರಲಿಲ್ಲ. ಬೈದೂ ಪ್ರಯೋಜನವಿಲ್ಲ, ಅಲ್ವಾ? ಸಂಜೆ ಬಾಗಿಲು ತೆರೆಯುವುದು ಅವರಿಗೆ ಎಪ್ಪತ್ತು ವರ್ಷದ ಅಭ್ಯಾಸ. "ನೆನಪಿಟ್ಟುಕೊಳ್ಳಿ" ಅಂತ ಹೇಳಿದರೆ ನಾಲ್ಕು ದಿನ ನೆನಪಿರುತ್ತದೆ. ಐದನೇ ದಿನ ನಾನೇ ಮರೆಯುತ್ತೇನೆ, ಡೆಲಿವರಿ ಹುಡುಗ ಬಂದಾಗ. ಅವತ್ತಿನಿಂದ ಈ ಮನೆಯಲ್ಲಿ ಯಾರ ನೆನಪನ್ನೂ ನಂಬಬಾರದು ಅಂತ ಗಟ್ಟಿ ಮಾಡಿದೆ. ನನ್ನದನ್ನೂ ಸೇರಿಸಿ.

ಗೇಟಿಗೆ ಬರೀ ಜಾಲರಿ ಹಾಕಿದರೆ ಅದೇ ಏಣಿಯಾಗುತ್ತದೆ. ಹಾಗಾಗಿ ಕೆಳಗಿಂದ ಎದೆಮಟ್ಟದವರೆಗೆ ಪಾರದರ್ಶಕ ಅಕ್ರಿಲಿಕ್ ಹಾಳೆ, ಅದರ ಮೇಲೆ ಜಾಲರಿ ಹಾಕಿಸಿದೆವು. ಉಗುರಿಗೆ ಹಿಡಿತ ಸಿಗದೆ ಅವನು ಎರಡು ಸಲ ಜಾರಿದ, ಬಿಟ್ಟ. ಈಗ ಸಂಜೆ ಬಾಗಿಲು ಧಾರಾಳವಾಗಿ ತೆರೆದಿರುತ್ತದೆ. ಲಕ್ಷ್ಮಿಗೂ ಅಡ್ಡಿಯಿಲ್ಲ.

ಅಡುಗೆಮನೆ ಕಿಟಕಿಯದು ಮಾತ್ರ ಫಜೀತಿ. ಬಟ್ಟೆ ಒಣಗಿಸುವ ಗಳ ಆ ಕಿಟಕಿಯ ಆಚೆಯೇ ಇರುವುದು, ಜಾಲರಿ ಕಟ್ಟುವ ಹಾಗಿಲ್ಲ. ಬಟ್ಟೆ ಹಾಕುವ ಮೊದಲು ಕೆಂದನನ್ನು ರೂಮಿಗೆ ಸೇರಿಸಬೇಕು ಅನ್ನುವುದು ನಿಯಮ. ಆದರೆ ಆ ನಿಯಮ ಮತ್ತೆ ನೆನಪಿನ ಮೇಲೇ ನಿಂತಿತ್ತು. ಕಿಟಕಿಯ ಹಿಡಿಕೆಗೆ ಕೀಲಿ ಹಾಕುವ ಸೌಲಭ್ಯ ಇತ್ತು. ಆ ಕೀಲಿಯನ್ನು ರೂಮಿನ ಬಾಗಿಲ ಚಿಲಕದ ಮೇಲೆಯೇ ಬರುವಂತೆ ದಾರ ಕಟ್ಟಿ ನೇತು ಹಾಕಿದೆ. ಚಿಲಕ ಹಾಕಿದರಷ್ಟೇ ದಾರ ಕಳಚುತ್ತದೆ. ಬೆಕ್ಕನ್ನು ಒಳಗೆ ಬಿಟ್ಟು ಚಿಲಕ ಹಾಕದೆ ಕೀಲಿ ಕೈಗೆ ಬರುವುದಿಲ್ಲ. ಗಂಡ ಇದನ್ನು ನೋಡಿ ನಕ್ಕರು. ಇಂಜಿನಿಯರ್ ಅವರು, ಯೋಚನೆ ಬಂದಿದ್ದು ನನಗೆ.

ಬೀಳುವುದು, ಓಡುವುದು ಇವಿಷ್ಟೇ ಅಪಾಯ ಅಂದುಕೊಂಡಿದ್ದೆ. ಜೂನ್‌ನಲ್ಲಿ ಒಂದು ಶುಕ್ರವಾರ ಅಮ್ಮನಿಗೆ ಅಂತ ಟೆಕ್ಕಾ ಮಾರ್ಕೆಟಿನ ಹತ್ತಿರ ಮಲ್ಲಿಗೆ ಮಾಲೆ ತಂದೆ. ಮರುದಿನ ಬೆಳಿಗ್ಗೆ ದೇವರ ಪಟದ ಹೂವು ತೆಗೆದು ಅಮ್ಮ ಬುಟ್ಟಿಯಲ್ಲಿಟ್ಟರು. ಊರಲ್ಲಾಗಿದ್ದರೆ ಬಾಳೆನಾರಿನಲ್ಲಿ ಕಟ್ಟಿದ ಹೂವು. ಇಲ್ಲಿ ಗಟ್ಟಿ ನೂಲು. ನಾನು ನೋಡುವಷ್ಟರಲ್ಲಿ ಕೆಂದನ ಬಾಯಿಂದ ನಾಲ್ಕು ಬೆರಳುದ್ದ ದಾರ ನೇತಾಡುತ್ತಿತ್ತು. ಕೈ ಚಾಚುವಷ್ಟರಲ್ಲಿ ಅದೂ ಒಳಗೆ ಹೋಯಿತು. ಬೆಕ್ಕಿನ ನಾಲಿಗೆಯ ಮುಳ್ಳುಗಳೆಲ್ಲ ಗಂಟಲ ಕಡೆ ಬಾಗಿರುತ್ತವೆ, ಉಗುಳಬೇಕೆಂದರೂ ದಾರ ಒಳಗೇ ಸರಿಯುತ್ತದೆ.

ಟ್ಯಾಕ್ಸಿ ಹಿಡಿದು ಕ್ಲಿನಿಕ್‌ಗೆ ಹೋದೆವು. ಒಂದು ಗಂಟೆ ಆಗಿರಲಿಲ್ಲವಾದ್ದರಿಂದ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು. ಬಂತು, ಎರಡು ಮೊಗ್ಗಿನ ಸಮೇತ. ಡಾಕ್ಟರ್ ಹೇಳಿದ್ದನ್ನು ನಾನು ಅಮ್ಮನಿಗೆ ಹೀಗೆ ವಿವರಿಸಿದೆ: ದಾರದ ಒಂದು ತುದಿ ಎಲ್ಲಾದರೂ ಸಿಕ್ಕಿಕೊಂಡರೆ, ಲಾಡಿ ಎಳೆದಾಗ ಲಂಗ ನೆರಿಗೆಯಾಗುತ್ತಲ್ಲ, ಹಾಗೆ ಕರುಳು ನೆರಿಗೆಯಾಗುತ್ತದೆ. ಆಮೇಲೆ ದಾರ ಕರುಳನ್ನು ಕೊಯ್ಯುತ್ತದೆ. ಬಾಯಲ್ಲೋ ಹಿಂದೆಯೋ ದಾರದ ತುದಿ ಕಂಡರೂ ನಾವು ಎಳೆಯಲೇಬಾರದು. ಅಮ್ಮ ಆ ದಿನವೇ ತಮ್ಮ ಹೊಲಿಗೆ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿದರು. ಅರ್ಧ ಗಂಟೆ ಬಿಟ್ಟು ಆ ರಬ್ಬರ್ ಬ್ಯಾಂಡನ್ನೂ ತೆಗೆದು ಡಬ್ಬಿಯನ್ನು ಬೀರುವಿನಲ್ಲಿಟ್ಟರು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕ್ಕೆ ವಿಷ, ಒಗ್ಗರಣೆಯ ಅನ್ನ ಬೇಡ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಜೀವ ತೆಗೆಯಬಹುದು. ಕರ್ಪೂರ, ನುಸಿಗುಳಿಗೆ ಡಬ್ಬಿಯೊಳಗಿರಲಿ. ನಾಯಿಗೆ ಹಾಕುವ ಚಿಗಟದ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ಮುಟ್ಟಿಸಲೂಬೇಡಿ. ಚೀನೀ ಹೊಸ ವರ್ಷಕ್ಕೆ ಯಾರಾದರೂ ಲಿಲ್ಲಿ ಹೂವು ಕೊಟ್ಟರೆ ಮನೆಯೊಳಗೆ ತರಬೇಡಿ. ಅದರ ಪರಾಗ, ಹೂದಾನಿಯ ನೀರು ಕೂಡ ಬೆಕ್ಕಿನ ಕಿಡ್ನಿ ಕೆಡಿಸುತ್ತದೆ.

ಇನ್ನು ಜೈಲಿನ ಮಾತು. ಅದು ನನ್ನನ್ನೂ ಕಾಡಿತ್ತು. ಮೊದಲ ತಿಂಗಳು ಅವನು ಬಾಗಿಲ ಬಳಿ ಕೂತು ಕೂಗುತ್ತಿದ್ದ. ಹೊರಗೆ ಬಿಡಲಾರೆ, ಬದಲಿಗೆ ಬೇಟೆ ಕೊಟ್ಟೆ. ಬೆಳಿಗ್ಗೆ ಆರೂವರೆಗೆ, ರಾತ್ರಿ ಒಂಬತ್ತಕ್ಕೆ, ಕೋಲಿಗೆ ಕಟ್ಟಿದ ಗರಿ ಹಿಡಿದು ಹತ್ತು ಹತ್ತು ನಿಮಿಷ. ಗರಿಯನ್ನು ಮುಖದ ಮುಂದೆ ಆಡಿಸಿದರೆ ಅವನು ಕ್ಯಾರೇ ಅನ್ನುವುದಿಲ್ಲ. ಸೋಫಾದ ಅಂಚಿನಲ್ಲಿ ಅರ್ಧ ಕಂಡು ಅರ್ಧ ಮರೆಯಾದರೆ ಹಿಂಗಾಲು ಕುಣಿಸುತ್ತಾ ಹೊಂಚು ಹಾಕುತ್ತಾನೆ. ಕೊನೆಗೆ ಹಿಡಿಯಲು ಬಿಟ್ಟು ತಕ್ಷಣ ಊಟ ಹಾಕಬೇಕು. ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ. ಆಟ ಮುಗಿದ ಮೇಲೆ ಕೋಲು ಬೀರುವಿಗೆ, ಅದಕ್ಕೂ ದಾರವಿದೆ. ಮುಂದಿನ ಕಿಟಕಿಗೆ ಒತ್ತಿ ಎತ್ತರದ ಸ್ಟ್ಯಾಂಡು ಇಟ್ಟ ಮೇಲೆ ಬಾಗಿಲ ಬಳಿ ಕೂಗುವುದು ನಿಂತೇ ಹೋಯಿತು. ಬೆಳಗಿನ ಜಾವ ಇಲ್ಲೂ ಕೋಗಿಲೆ ಕಿರುಚುತ್ತದೆ, ಊರಿಗಿಂತ ಜಾಸ್ತಿಯೇ. ಕೆಂದ ಜಾಲರಿಗೆ ಮೂಗು ಹಚ್ಚಿ ದವಡೆ ಕಟಕಟ ಅನ್ನಿಸುತ್ತಾನೆ.

ಅಮ್ಮ ಆಗಸ್ಟಿನಲ್ಲಿ ಊರಿಗೆ ಹೋದರು. ಹೋದ ತಿಂಗಳು ಫೋನಿನಲ್ಲಿ ಅಡಿಕೆ, ಮಳೆ, ಮೊಣಕಾಲು ಎಲ್ಲ ಮಾತಾಡಿ ಇಡುವ ಹೊತ್ತಿಗೆ ಕೇಳಿದರು.

"ಆ ಜಾಲರಿ ಸಾಗರದಲ್ಲೂ ಸಿಗ್ತದೇನೆ?"

"ಸಿಗ್ತದೆ. ಯಾಕೆ?"

"ಸುಮ್ನೆ ಕೇಳ್ದೆ. ನಮ್ಮನೆ ಬಿಳಿ ಬೆಕ್ಕು ನಾಲ್ಕು ದಿನದಿಂದ ಬಂದಿಲ್ಲ."