ಹೈವ್ ಖಾತೆ ಕಳ್ಳರ ಕೈಗೆ ಹೋದರೆ ವಾಪಸ್ ಪಡೆಯೋದು ಹೇಗೆ?

ಮುಳ್ಳಯ್ಯನಗಿರಿ ಫೋಟೊ, ಕಾಫಿ ತೋಟದ ಬರಹ ಅಂತ ಹೈವ್‌ನಲ್ಲಿ (ಬರಹ, ಫೋಟೊ ಹಾಕಿ ಕ್ರಿಪ್ಟೊ ಟೋಕನ್ ಗಳಿಸೋ ಬ್ಲಾಕ್‌ಚೈನ್ ಜಾಲ) ಹಾಕುತ್ತಾ ಇದ್ದೀರಾ? ಹಾಗಾದರೆ ಇವತ್ತೇ ಒಂದು ವಿಷಯ ನೋಡಿಕೊಳ್ಳಿ. ನಿಮ್ಮ ರಿಕವರಿ ಅಕೌಂಟ್, ಅಂದ್ರೆ ಖಾತೆ ಕಳುವಾದರೆ ವಾಪಸ್ ಪಡೆಯೋಕೆ ನೆರವಾಗೋ ಇನ್ನೊಂದು ಹೈವ್ ಖಾತೆ, ಯಾರದ್ದು?

ಹೈವ್‌ನಲ್ಲಿ 'ಪಾಸ್‌ವರ್ಡ್ ಮರೆತುಹೋಯಿತು' ಅನ್ನೋ ಬಟನ್ ಇಲ್ಲ. ಫೋನ್ ಮಾಡಿ ಗೋಳು ಹೇಳಿಕೊಳ್ಳೋಣ ಅಂದ್ರೆ ಮಾಲೀಕ ಕಂಪನಿಯೂ ಇಲ್ಲ. ಜಾಲವೆಲ್ಲ ಒಬ್ಬರ ಹಿಡಿತಕ್ಕೆ ಹೋಗಬಾರದು ಅಂತಲೇ ಇದು 2020ರ ಮಾರ್ಚ್‌ನಲ್ಲಿ ಸ್ಟೀಮ್ ಅನ್ನೋ ಹಳೇ ಜಾಲದಿಂದ ಬೇರೆಯಾಗಿದ್ದು. ಅದಕ್ಕೇ ರಿಕವರಿಗೂ ಇಬ್ಬರು ಬೇಕು: ನಿಮ್ಮ ರಿಕವರಿ ಅಕೌಂಟ್‌ನವರು ಮತ್ತು ಹಳೆಯ ಓನರ್ ಕೀ (ಖಾತೆಯ ಎಲ್ಲಕ್ಕಿಂತ ಮೇಲಿನ ಗುಟ್ಟಿನ ಕೀ) ಇಟ್ಟುಕೊಂಡಿರೋ ನೀವು. ಅವರೊಬ್ಬರೇ ನಿಮ್ಮ ಖಾತೆ ಕಸಿದುಕೊಳ್ಳೋಕೆ ಆಗೋಲ್ಲ.

ಸಾಮಾನ್ಯವಾಗಿ ನಿಮ್ಮ ಖಾತೆ ತೆರೆದುಕೊಟ್ಟವರೇ ರಿಕವರಿ ಅಕೌಂಟ್ ಆಗಿರುತ್ತಾರೆ. ಹಳೇ ಸ್ಟೀಮಿಟ್ (ಸ್ಟೀಮ್ ಜಾಲದ ಬರಹದ ತಾಣ) ಕಾಲದ ಖಾತೆಯಾದರೆ ಅಲ್ಲಿ 'ಸ್ಟೀಮ್' ಅಂತ ಇರಬಹುದು, ಹಾಗಿದ್ದರೆ ತಡ ಮಾಡದೆ ಬದಲಾಯಿಸಿ. ಯಾರನ್ನ ಇಡೋದು? ಹೈವ್ ಖಾತೆ ಇರೋ, ನಿಮ್ಮ ದನಿ ಕೇಳಿದರೆ ಗುರುತು ಹಿಡಿಯೋ ಗೆಳೆಯರನ್ನ. ಹಾಸನದಲ್ಲೋ ಬೇಲೂರಲ್ಲೋ ಇದ್ದು ಬಸ್ ಹತ್ತಿ ಹೋಗಿ ಮುಖ ತೋರಿಸೋ ಹಾಗಿದ್ದರೆ ಇನ್ನೂ ಒಳ್ಳೇದು, ಯಾಕಂದ್ರೆ ಕೇಳ್ತಿರೋದು ನೀವೋ ಕಳ್ಳನೋ ಅಂತ ತೀರ್ಮಾನ ಮಾಡಬೇಕಾದವರು ಅವರೇ. ಬದಲಾವಣೆಗೆ ಓನರ್ ಕೀ ಬೇಕು, ಜಾರಿಗೆ ಬರೋಕೆ 30 ದಿನ ಹಿಡಿಯುತ್ತೆ. ಕಳ್ಳ ಬಂದ ದಿನವೇ ತನ್ನವನನ್ನ ಕೂರಿಸಬಾರದಲ್ವಾ?

ಇನ್ನು ಓನರ್ ಕೀ. 5ರಿಂದ ಶುರುವಾಗೋ 51 ಅಕ್ಷರ. ಫೋನಿನಲ್ಲಿ ಪೋಸ್ಟಿಂಗ್ ಕೀ ಮಾತ್ರ ಇರಲಿ, ದಿನಾ ಬರೆಯೋಕೆ ಅದು ಸಾಕು. ಓನರ್ ಕೀಯನ್ನ ಪ್ರಿಂಟ್ ತೆಗೆಸೋಕೆ ಝೆರಾಕ್ಸ್ ಅಂಗಡಿಗೆ ವಾಟ್ಸಾಪ್ ಮಾಡಬೇಡಿ ಮಾರಾಯ್ರೆ, ಕೈಯಲ್ಲೇ ಬರೆದುಕೊಳ್ಳಿ. ಈ ಕೀಗಳಲ್ಲಿ ಸೊನ್ನೆ, ದೊಡ್ಡ ಓ, ದೊಡ್ಡ ಐ, ಸಣ್ಣ ಎಲ್ ಇವು ನಾಲ್ಕೂ ಬರೋದೇ ಇಲ್ಲ, ಹಾಗಾಗಿ ನೀವು ಬರೆದದ್ದರಲ್ಲಿ ಸೊನ್ನೆ ಥರ ಏನಾದರೂ ಕಂಡರೆ ಅದು ಸಣ್ಣ ಓ ಇರಬಹುದು, ಮತ್ತೆ ತಾಳೆ ನೋಡಿ. ಎರಡು ಪ್ರತಿ ಮಾಡಿ, ಬೇರೆ ಬೇರೆ ಕಡೆ ಇಡಿ. ನಮ್ಮ ಮಳೆಗಾಲದಲ್ಲಿ ಬೀರುವಿನೊಳಗಿನ ಕಾಗದಕ್ಕೂ ಬೂಸ್ಟು ಹಿಡಿಯುತ್ತೆ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿಡಿ.

ಕಳ್ಳ ಓನರ್ ಕೀ ಬದಲಾಯಿಸಿಬಿಟ್ಟನಾ? ನಿಮ್ಮ ಹಳೇ ಕೀ 30 ದಿನ ರಿಕವರಿಗೆ ನಡೆಯುತ್ತೆ. ಮೊದಲು ನೀವು ಹೊಸ ಕೀಗಳನ್ನ ಮಾಡಿಕೊಂಡು ಪಬ್ಲಿಕ್ ಓನರ್ ಕೀ (ಬೇರೆಯವರಿಗೆ ತೋರಿಸಬಹುದಾದ ಜೋಡಿ ಕೀ) ಮಾತ್ರ ಗೆಳೆಯರಿಗೆ ಕಳಿಸಿ. ಅವರು ರಿಕವರಿ ರಿಕ್ವೆಸ್ಟ್ ಹಾಕುತ್ತಾರೆ. ಅದಾದ 24 ಗಂಟೆಯೊಳಗೆ ನೀವು ಹಳೇ ಕೀ, ಹೊಸ ಕೀ ಎರಡರಲ್ಲೂ ಸಹಿ ಹಾಕಿ ಮುಗಿಸಬೇಕು, ಕರೆಂಟ್ ಹೋಗೋ ಸಂಜೆ ಇದನ್ನ ಶುರು ಮಾಡಬೇಡಿ. ಖಾತೆ ಕೈಗೆ ಬಂದಮೇಲೆ ಆಕ್ಟಿವ್ (ದುಡ್ಡು ಕಳಿಸೋಕೆ ಬಳಸೋದು), ಪೋಸ್ಟಿಂಗ್ ಕೀಗಳನ್ನೂ ಬದಲಾಯಿಸಿ.

ಕಳ್ಳ ಆಗಲೇ ಕಳಿಸಿಬಿಟ್ಟ ದುಡ್ಡು ಬರೋಲ್ಲ. ಸೇವಿಂಗ್ಸ್‌ನಲ್ಲಿಟ್ಟಿದ್ದನ್ನ ತೆಗೆಯೋಕೆ 3 ದಿನ, ಹೈವ್ ಪವರ್ (ಜಾಲದಲ್ಲಿ ಕಟ್ಟಿಟ್ಟ ಹೈವ್ ಟೋಕನ್) ಪೂರ್ತಿ ಇಳಿಸೋಕೆ 13 ವಾರ ಬೇಕು, ಹಾಗಾಗಿ ಅಲ್ಲಿರೋದು ಉಳಿಯೋ ಸಾಧ್ಯತೆ ಜಾಸ್ತಿ. ಕಳ್ಳತನ ಆಗದೆ ನೀವೇ ಕೀ ಕಳೆದುಕೊಂಡಿದ್ದರೆ ಮಾತ್ರ ಈ ದಾರಿ ಇಲ್ಲ. ಹಳೇ ಕೀ ಇಲ್ಲದೆ ಗೆಳೆಯರೂ ಏನೂ ಮಾಡೋಕೆ ಆಗೋಲ್ಲ.