ಅದು ಬಂತೋ, ಅವನು ಬಂದನೋ

ಬೆಳಗ್ಗೆ ಐದೂವರೆಗೆ ಎದ್ದು ಕಾಫಿ ಮಾಡಿಕೊಂಡು ಕೂತರೆ ಎಂಟರವರೆಗೆ ಯಾರೂ ಮಾತಾಡಿಸುವುದಿಲ್ಲ. ಹೊಸ ಕಥೆಗಳನ್ನು ನಾನು ಓದುವುದು ಆ ಹೊತ್ತಿನಲ್ಲಿ. ಹನ್ನೊಂದು ವರ್ಷದಿಂದ ಕನ್ನಡದ ವಿಜ್ಞಾನ ಕಥೆಗಳನ್ನೂ ಮಾಯಾಲೋಕದ ಕಥೆಗಳನ್ನೂ ಸಂಪಾದಿಸುತ್ತಿದ್ದೇನೆ. ಹೆಚ್ಚಿನವು ಕಥಾಸಂಕಲನಗಳು, ನಡುನಡುವೆ ಕಾದಂಬರಿಗಳು. ಈ ಕೆಲಸವೊಂದರಿಂದಲೇ ಸಂಸಾರ ನಡೆಯುವುದಿಲ್ಲ, ಹಗಲು ಬೇರೆ ನೌಕರಿ ಇದೆ. ಆದರೆ ದಿನದ ಮೊದಲ ಎರಡೂವರೆ ತಾಸನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಮೊದಲ ಓದಿನಲ್ಲಿ ಏನನ್ನೂ ತಿದ್ದುವುದಿಲ್ಲ. ಕಾಗುಣಿತ ತಪ್ಪಿದ್ದರೂ ಮುಟ್ಟುವುದಿಲ್ಲ. ಸುಮ್ನೆ ಓದುತ್ತಾ ಹೋಗುತ್ತೇನೆ. ಎಲ್ಲಿ ನಂಬಿಕೆ ಜಾರಿತೋ ಅಲ್ಲಿ ಅಂಚಿನಲ್ಲಿ ಪೆನ್ಸಿಲ್ಲಿನ ಒಂದು ಗೀಟು, ಅಷ್ಟೇ. ಹಾರುವ ಊರು, ಮಾತಾಡುವ ಹೆಣ, ಸಾವಿಲ್ಲದ ಮುದುಕಿ ಇಂಥವುಗಳ ಪಕ್ಕ ಗೀಟು ಬೀಳುವುದು ಕಡಿಮೆ. ಅದನ್ನೆಲ್ಲ ಒಪ್ಪಿಕೊಂಡೇ ಓದಲು ಕೂತಿರುತ್ತೇವೆ, ಅಲ್ವಾ? ಗೀಟು ಬೀಳುವುದು ಚಿಕ್ಕ ಚಿಕ್ಕ ಕಡೆ. ಹಾರುವ ಊರಿಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಅಂತ ಕಥೆಗಾರರು ಯೋಚಿಸಿರುವುದಿಲ್ಲ. ಸಾವಿಲ್ಲದ ಮುದುಕಿ ಎಂಟುನೂರು ವರ್ಷ ಬದುಕಿಯೂ ನಿನ್ನೆ ಮೊನ್ನೆ ಕಾಲೇಜು ಬಿಟ್ಟವಳ ಹಾಗೆ ಮಾತಾಡುತ್ತಾಳೆ.

ಮೂರು ವರ್ಷದ ಹಿಂದೆ ಬಂದ ಒಂದು ಕಥೆ ಹೇಳುತ್ತೇನೆ. ಮಗಳು ಮಂಗಳ ಗ್ರಹದ ನೆಲೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಅಮ್ಮ ಚನ್ನರಾಯಪಟ್ಟಣದ ಕಡೆಯ ಹಳ್ಳಿಯಲ್ಲಿ ಒಬ್ಬಳೇ. ದಿನಾ ರಾತ್ರಿ ಇಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ. ಊಟ ಆಯ್ತಾ, ಆಯ್ತು, ನಿಂದು, ಅಂತ ಮಾತಿಗೆ ಮಾತು. ಸಂಭಾಷಣೆ ಚೆನ್ನಾಗಿಯೇ ಇತ್ತು. ಆದರೆ ಮಂಗಳದ ಜೊತೆ ಹಾಗೆ ಮಾತಾಡಲು ಆಗುವುದಿಲ್ಲ. ಎರಡು ಗ್ರಹಗಳೂ ತೀರಾ ಹತ್ತಿರ ಬಂದಾಗಲೂ ರೇಡಿಯೋ ಅಲೆ ಅಲ್ಲಿಗೆ ಮುಟ್ಟಲು ಸುಮಾರು 3 ನಿಮಿಷ ಬೇಕು. ದೂರ ಸರಿದಾಗ 22 ನಿಮಿಷ. 2014ರ ಸೆಪ್ಟೆಂಬರ್ 24ರಂದು ನಮ್ಮ ಮಂಗಳಯಾನ ಕಕ್ಷೆ ಸೇರಿದ ಸುದ್ದಿಯೂ ಸುಮಾರು 12 ನಿಮಿಷ ದಾರಿಯಲ್ಲೇ ಇತ್ತು. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ನಿಯಂತ್ರಣ ಕೇಂದ್ರದಲ್ಲಿ ಕೂತವರಿಗೆ ಅಷ್ಟು ಹೊತ್ತು ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಇದನ್ನು ಕಥೆಗಾರ್ತಿಗೆ ಫೋನಿನಲ್ಲಿ ಹೇಳಿದೆ. ಆಕೆಗೆ ಬೇಜಾರಾಯಿತು. "ಹಾಗಾದ್ರೆ ನನ್ನ ಕಥೆಯೇ ಬಿದ್ದು ಹೋಯ್ತಲ್ಲ" ಅಂದರು. "ಬಿದ್ದಿಲ್ಲ, ಒಂದು ಕಡೆಗೆ 12 ನಿಮಿಷ ಅಂತ ಇಟ್ಟುಕೊಳ್ಳಿ, ಅಮ್ಮ ಕೇಳಿದ್ದಕ್ಕೆ ಉತ್ತರ ಬರಲು 24 ನಿಮಿಷ, ಅಷ್ಟು ಹೊತ್ತು ಅಮ್ಮ ಏನು ಮಾಡ್ತಾಳೆ ಅಂತ ನೋಡಿ" ಅಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "24 ನಿಮಿಷ ಅಂದ್ರೆ ನಮ್ಮಜ್ಜಿ ಲೆಕ್ಕದಲ್ಲಿ ಒಂದು ಗಳಿಗೆ" ಅಂದರು.

ನನಗೆ ಮೈ ಜುಂ ಅಂದಿತು. ದಿನಕ್ಕೆ 60 ಗಳಿಗೆ, ಗಳಿಗೆಗೆ 24 ನಿಮಿಷ. ಈ ಲೆಕ್ಕ ನನಗೆ ಗೊತ್ತಿರಲಿಲ್ಲ ಅಂತೇನಲ್ಲ. ಮಂಗಳದ ಪಕ್ಕದಲ್ಲಿ ಅದನ್ನು ಇಟ್ಟು ನೋಡುವುದು ಹೊಳೆದಿರಲಿಲ್ಲ.

ಎರಡು ವಾರದಲ್ಲಿ ಹೊಸ ಕರಡು ಬಂತು. ಅದರಲ್ಲಿ ಅಮ್ಮ "ಊಟ ಆಯ್ತಾ ಮಗಾ" ಅಂತ ಕೇಳಿ ಎಸರಿಡುತ್ತಾಳೆ. ಹಿಟ್ಟು ಹಾಕುತ್ತಾಳೆ, ಕೋಲು ಹಿಡಿದು ತಿರುವುತ್ತಾಳೆ, ಮುದ್ದೆ ಕಟ್ಟುತ್ತಾಳೆ. ತಟ್ಟೆಗೆ ಸಾರು ಬಿಡುವ ಹೊತ್ತಿಗೆ ಮಗಳ ದನಿ ಬರುತ್ತದೆ: "ಆಯ್ತಮ್ಮ. ನಿಂದು?" ಅಮ್ಮ ಉತ್ತರ ಕೊಡದೆ ಊಟಕ್ಕೆ ಕೂರುತ್ತಾಳೆ. ಉಂಡು, ತಟ್ಟೆ ತೊಳೆದು, ಆಮೇಲೆ "ಆಯ್ತು" ಅನ್ನುತ್ತಾಳೆ, ಮಗಳಿಗೆ ಸುಳ್ಳು ಹೇಳಬಾರದು ಅಂತ. ಮೊದಲ ಕರಡಿನಲ್ಲಿ ಮಗಳು ಎಷ್ಟು ದೂರ ಇದ್ದಾಳೆ, ಅಮ್ಮನಿಗೆ ಎಷ್ಟು ಸಂಕಟ ಅಂತ ಹೇಳುವ ಮೂರು ಪ್ಯಾರಾ ಇದ್ದವು. ಅವನ್ನು ಆಕೆಯೇ ತೆಗೆದು ಹಾಕಿದ್ದರು. ನಾನು ಆ ಕಥೆಯಲ್ಲಿ ಮುಟ್ಟಿದ್ದು ಎರಡು ಅಲ್ಪವಿರಾಮ ಮಾತ್ರ.

ವಿಜ್ಞಾನದ ತಪ್ಪು ಹಿಡಿಯುವುದೇ ಸಂಪಾದಕರ ಕೆಲಸ ಅಂತ ತುಂಬಾ ಜನ ತಿಳಿದಿದ್ದಾರೆ. ನಾನು ತಪ್ಪು ಹುಡುಕುವುದು ಅದರ ಕೆಳಗೆ ಇನ್ನೂ ಒಳ್ಳೆಯ ಕಥೆ ಸಿಗಬಹುದು ಅನ್ನುವ ಆಸೆಗೆ. ಚಂದ್ರನ ಮೇಲಿನ ಒಂದು ಕಥೆಯಲ್ಲಿ ನಾಯಕ ದಿನಾ ಬೆಳಗ್ಗೆ ಸೂರ್ಯೋದಯ ನೋಡುತ್ತಿದ್ದ. ಅಲ್ಲಿ ಒಂದು ಹಗಲು, ಒಂದು ರಾತ್ರಿ ಸೇರಿದರೆ ನಮ್ಮ 29 ದಿನ ಚಿಲ್ಲರೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಮೇಲೆ ಇದು ಶಾಲೆಯ ಮಕ್ಕಳಿಗೂ ಗೊತ್ತು. ಎರಡು ವಾರದ ರಾತ್ರಿ ಬರುತ್ತದೆ ಅಂತ ಸೆಪ್ಟೆಂಬರ್ ಮೊದಲ ವಾರದಲ್ಲಿ ರೋವರನ್ನೂ ಲ್ಯಾಂಡರನ್ನೂ ಮಲಗಿಸಿದ್ದು ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಆ ಕಥೆಗಾರರಿಗೆ ಎರಡು ವಾರದ ಕತ್ತಲನ್ನು ಬರೆಯಿರಿ ಅಂದೆ. ಅವರು ಒಪ್ಪಲಿಲ್ಲ, ಕಥೆ ವಾಪಸ್ ತೆಗೆದುಕೊಂಡರು. ಹಾಗೂ ಆಗುತ್ತದೆ.

ಹಳೆಯ ಕಾಲದ ಮಾಯಾಕಥೆಗಳಲ್ಲಿ ಬೇರೆ ಥರದ ಕೆಲಸ. ಸಾವಿರ ವರ್ಷಕ್ಕೂ ಹಿಂದೆ, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದಲ್ಲಿ ನಡೆಯುವ ದೆವ್ವದ ಕಥೆ ಒಂದಿತ್ತು. ಮಂತ್ರವಾದಿ ಕೆಂಡಕ್ಕೆ ಮೆಣಸಿನಕಾಯಿ ಹಾಕಿ ಹೊಗೆ ಎಬ್ಬಿಸುತ್ತಾನೆ. ಮೆಣಸಿನಕಾಯಿ ನಮ್ಮ ಕಡೆ ಬಂದದ್ದು ಪೋರ್ಚುಗೀಸರು ಬಂದ ಮೇಲೆ, 16ನೇ ಶತಮಾನದಲ್ಲಿ. ಅದಕ್ಕೆ ಮೊದಲು ನಮಗೆ ಖಾರ ಅಂದರೆ ಕರಿಮೆಣಸು. "ದೆವ್ವ ಮಾತಾಡಿದ್ರೆ ಒಪ್ತೀರಿ, ಮೆಣಸಿನಕಾಯಿ ಒಪ್ಪಲ್ವಾ?" ಅಂತ ಕಥೆಗಾರರು ಕೇಳಿದರು. ಒಪ್ಪುವುದಿಲ್ಲ. ದೆವ್ವ ಅವರು ಕಟ್ಟಿದ್ದು, ಮಾನ್ಯಖೇಟ ಅವರು ಕಟ್ಟಿದ್ದಲ್ಲ. ಊರಿನ ಹೆಸರನ್ನು ಬದಲಿಸಿ ತಮ್ಮದೇ ರಾಜ್ಯ ಕಟ್ಟಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ. ಕೊನೆಗೆ ಮೆಣಸಿನಕಾಯಿ ಹೋಗಿ ಸಾಸಿವೆ ಬಂತು. ಸಾಸಿವೆ ಚಟಪಟ ಅನ್ನುವಾಗ ದೆವ್ವ ಬೆಚ್ಚುವ ಒಂದು ಸಾಲು ಅವರ ಕೈಯಿಂದ ತಾನಾಗಿ ಬಂತು. ಇಡೀ ಪುಸ್ತಕದಲ್ಲಿ ಅದು ನನಗೆ ತುಂಬಾ ಇಷ್ಟದ ಸಾಲು.

ನಾನು ಕರಾವಳಿಯವರ ಮನೆಯಲ್ಲಿ ಹುಟ್ಟಿದ್ದು. ರಾಕ್ಷಸನನ್ನು ಮೊದಲ ಪ್ಯಾರಾದಲ್ಲೇ ಕೋರೆಹಲ್ಲಿನಿಂದ ಕಾಲುಗುರಿನವರೆಗೆ ವರ್ಣಿಸಿ ಮುಗಿಸುವವರಿಗೆ ಯಕ್ಷಗಾನದ ರಾಕ್ಷಸ, ಅಂದರೆ ಬಣ್ಣದ ವೇಷ, ರಂಗಕ್ಕೆ ಬರುವ ಬಗೆ ಹೇಳುತ್ತೇನೆ. ಮೊದಲು ಚೆಂಡೆ. ಆಮೇಲೆ ತೆರೆಯ ಹಿಂದಿನಿಂದ ಆರ್ಭಟ. ತೆರೆಯ ಮೇಲಂಚಿನಲ್ಲಿ ಕಿರೀಟ, ದೀವಟಿಗೆಗೆ ರಾಳ ಎರಚಿದಾಗ ಭಗ್ಗೆಂದ ಬೆಂಕಿಯಲ್ಲಿ ಅರೆಕ್ಷಣ ಮುಖ. ಪೂರ್ತಿ ವೇಷ ಕಾಣುವಷ್ಟರಲ್ಲಿ ಮುಂದೆ ಕೂತ ಮಕ್ಕಳು ಅಮ್ಮನ ಸೆರಗಿನೊಳಗೆ ಸೇರಿರುತ್ತಾರೆ.

ಇನ್ನು ನನ್ನಿಂದ ಆದ ತಪ್ಪಿಗೆ ಬರುತ್ತೇನೆ. ಇದನ್ನು ಬರೆಯಲು ಕೂತದ್ದೇ ಅದಕ್ಕೆ.

ಕನ್ನಡದಲ್ಲಿ ರೋಬೋಟಿನ ಕಥೆ ಬರೆಯುವವರಿಗೆ ಮೊದಲ ವಾಕ್ಯದಲ್ಲೇ ಒಂದು ಪ್ರಶ್ನೆ ಎದುರಾಗುತ್ತದೆ. ಅದು ಬಂತೋ, ಅವನು ಬಂದನೋ, ಅವಳು ಬಂದಳೋ? ತಪ್ಪಿಸಿಕೊಳ್ಳಲು ಜಾಗ ಇಲ್ಲ. ಸರ್ವನಾಮ ಬಿಟ್ಟರೂ ಕ್ರಿಯಾಪದದ ಬಾಲದಲ್ಲಿ ಗುಟ್ಟು ಹೊರಬೀಳುತ್ತದೆ. ಗೌರವ ಸೇರಿದರೆ "ಬಂದರು" ಅನ್ನುವುದೂ ಇದೆ.

ಹಾಸಿಗೆ ಹಿಡಿದ ಅಜ್ಜನನ್ನು ನೋಡಿಕೊಳ್ಳಲು ತಂದ ರೋಬೋಟಿನ ಕಥೆ ಅದು. ಸೊಸೆ "ಅದು ಬಂತು" ಅನ್ನುತ್ತಾಳೆ. ಮೊಮ್ಮಗ "ಅವನು ಬಂದ" ಅನ್ನುತ್ತಾನೆ. ಅಜ್ಜ ಮುಖ ತಿರುಗಿಸಿ ಮಲಗಿರುತ್ತಾನೆ. ಇಷ್ಟು ನನಗೆ ಅರ್ಥವಾಗಿತ್ತು, ಮುಟ್ಟಲಿಲ್ಲ. ಆದರೆ ನಿರೂಪಣೆಯಲ್ಲಿ ಮೊದಲ ಎಂಟು ಪುಟ "ಅದು ನಿಂತಿತ್ತು, ಅದು ನೋಡಿತು" ಅಂತ ಇದ್ದು, ಒಂಬತ್ತನೇ ಪುಟದ ನಡುವಿನಿಂದ "ಅವನು ಕಾಲು ಒತ್ತಿದ, ಅವನು ದೀಪ ಆರಿಸಿದ" ಅಂತ ಆಗಿತ್ತು. ಕೈತಪ್ಪು ಅಂದುಕೊಂಡೆ. ಪುಸ್ತಕ ಅಚ್ಚಿಗೆ ಹೋಗಲು ಎರಡೇ ದಿನ ಉಳಿದಿತ್ತು. ಅದರ ಮೇಲೆ ನುಡಿ ತಂತ್ರಾಂಶದ ಹಳೆಯ ಲಿಪಿಯಲ್ಲಿ ಬಂದ ಕಡತವನ್ನು ಯೂನಿಕೋಡಿಗೆ ಬದಲಿಸುವಾಗ ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟು, ರಾತ್ರಿಯೆಲ್ಲ ಅದನ್ನೇ ಸರಿ ಮಾಡುತ್ತಿದ್ದೆ. ಅದೇ ಓಘದಲ್ಲಿ ನಿರೂಪಣೆಯನ್ನೆಲ್ಲ "ಅದು" ಮಾಡಿ, ಒಂದೊಂದೇ ಕ್ರಿಯಾಪದ ಹುಡುಕಿ ತಿದ್ದಿದೆ. ಕಥೆಗಾರರಿಗೆ ತೋರಿಸಲಿಲ್ಲ.

ಪುಸ್ತಕ ಕೈಗೆ ಸಿಕ್ಕ ದಿನ ಅವರು ಫೋನ್ ಮಾಡಿದರು. ಸಿಟ್ಟು ಮಾಡಲಿಲ್ಲ. "ಒಂಬತ್ತನೇ ಪುಟದಲ್ಲಿ ಅಜ್ಜ ಮೊದಲ ಸಲ ಅದರ ಕೈಯಿಂದ ನೀರು ಕುಡೀತಾನೆ. ಅಲ್ಲಿಂದ ಅದು ಅವನು ಆಗುತ್ತೆ. ಕಥೆಯಲ್ಲಿ ನಾನು ಬೇರೆಲ್ಲೂ ಅದನ್ನ ಹೇಳಿಲ್ಲ" ಅಂದರು.

ನನ್ನ ಹತ್ತಿರ ಮಾತಿರಲಿಲ್ಲ. ಫೋನಿಟ್ಟು ಮೂಲ ಕಡತ ತೆಗೆದು ನೋಡಿದೆ. ಹೌದು. ನೀರಿನ ಲೋಟ ಕೆಳಗಿಡುವ ವಾಕ್ಯದಲ್ಲಿ "ಅದು" ಇತ್ತು. ಮುಂದಿನ ವಾಕ್ಯದಲ್ಲಿ ಅಜ್ಜನ ಗಲ್ಲ ಒರೆಸಿದ್ದು "ಅವನು". ಕನ್ನಡ ಬಿಟ್ಟು ಬೇರೆ ಎಷ್ಟೋ ಭಾಷೆಗಳಲ್ಲಿ ಇಷ್ಟು ಸದ್ದಿಲ್ಲದೆ ಮಾಡಲು ಆಗದ ಕೆಲಸ. ಅದನ್ನು ನಾನು ತಪ್ಪು ಅಂತ ಅಳಿಸಿದ್ದೆ. ಎರಡನೇ ಮುದ್ರಣದಲ್ಲಿ ಸರಿಪಡಿಸಿದೆವು. ಮೊದಲ ಮುದ್ರಣ ಕೊಂಡವರ ಮನೆಗಳಲ್ಲಿ ಅಜ್ಜ ಇನ್ನೂ ಅದರ ಕೈಯಿಂದಲೇ ನೀರು ಕುಡಿಯುತ್ತಿದ್ದಾನೆ.

ಆಮೇಲೆ ನಾನು ಕೆಲಸದ ರೀತಿ ಬದಲಿಸಿದೆ. ಪ್ರತಿ ಕಥೆಗೂ ಒಂದು ಹಾಳೆ ಇಡುತ್ತೇನೆ. ಯಾರು ಯಾರನ್ನು ನೀನು ಅನ್ನುತ್ತಾರೆ, ಯಾರನ್ನು ನೀವು ಅನ್ನುತ್ತಾರೆ, ಮನುಷ್ಯರಲ್ಲದವರಿಗೆ ಯಾವ ಲಿಂಗ, ಅದು ಯಾವ ಪುಟದಲ್ಲಿ ಬದಲಾಗುತ್ತದೆ. ಕಾಲ ಅಳೆಯುವುದು ನಿಮಿಷದಲ್ಲೋ ಗಳಿಗೆಯಲ್ಲೋ ಜಾವದಲ್ಲೋ. ಒಂದೇ ವಸ್ತುವಿಗೆ ಯಾರು ಯಾವ ಪದ ಬಳಸುತ್ತಾರೆ ಅನ್ನುವುದಕ್ಕೂ ಒಂದು ಸಾಲು. ಕಪ್ಪುಕುಳಿ ಸರಿಯೋ ಕೃಷ್ಣರಂಧ್ರ ಸರಿಯೋ ಅಂತ ಹೊಸಬರು ಕೇಳುತ್ತಾರೆ. ಮಾತಾಡುವವರು ಯಾರು ಅಂತ ನಾನು ಕೇಳುತ್ತೇನೆ. ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ ಇಸ್ರೋದ 32 ಮೀಟರಿನ ಆಂಟೆನಾದ ಕೆಳಗೆ ನಿಂತ ಎಂಜಿನಿಯರ್ ಬ್ಲ್ಯಾಕ್ ಹೋಲ್ ಅಂತಲೇ ಅನ್ನುತ್ತಾಳೆ. ಅವಳ ತಾತ ಅನ್ನುವುದು ಬೇರೆ. ಹಾಳೆ ತುಂಬಿದ ಮೇಲೆ ತಿದ್ದುವುದಕ್ಕೆ ಮೊದಲು ಕೇಳುತ್ತೇನೆ. ಸಮಯ ಜಾಸ್ತಿ ಹಿಡಿಯುತ್ತದೆ. ಹಿಡಿಯಲಿ.

ಈಚೆಗೆ ಇನ್ನೊಂದು ಹೊರೆ ಸೇರಿದೆ. ಯಂತ್ರದಿಂದ ಬರೆಸಿ ಕಳಿಸುವ ಕಥೆಗಳು. ಅಮೆರಿಕದ ಕ್ಲಾರ್ಕ್ಸ್‌ವರ್ಲ್ಡ್ ಪತ್ರಿಕೆ ಇಂಥ ಕಥೆಗಳ ರಾಶಿ ತಡೆಯಲಾಗದೆ 2023ರ ಫೆಬ್ರವರಿಯಲ್ಲಿ ಹೊಸ ಕಥೆಗಳನ್ನು ತೆಗೆದುಕೊಳ್ಳುವುದನ್ನೇ ಕೆಲಕಾಲ ನಿಲ್ಲಿಸಿತ್ತು. ನನಗೆ ಬರುವುದು ಅಷ್ಟು ಇಲ್ಲ. ಓದಿದರೆ ಗೊತ್ತಾಗುತ್ತದೆ. ಎಲ್ಲರೂ ಎಲ್ಲರ ಜೊತೆ ಒಂದೇ ಕನ್ನಡದಲ್ಲಿ ಮಾತಾಡುತ್ತಾರೆ. ಅಂಥದ್ದನ್ನು ವಾಪಸ್ ಕಳಿಸುವಾಗಲೂ ಎರಡು ಸಾಲು ಕಾರಣ ಬರೆಯುತ್ತೇನೆ, ಯಾಕೆಂದರೆ ಕಳಿಸಿದವರಲ್ಲಿ ಕೆಲವರು ಇಪ್ಪತ್ತರ ಹುಡುಗ ಹುಡುಗಿಯರು. ಅವರಲ್ಲಿ ಒಬ್ಬ ಹುಡುಗ ಆಮೇಲೆ ತಾನೇ ಬರೆದ ನಾಲ್ಕು ಪುಟ ಕಳಿಸಿದ. ತಪ್ಪು ತುಂಬಾ ಇತ್ತು. ಆದರೆ ಅದರಲ್ಲಿ ಅವನ ಊರಿನ ಬಸ್ ನಿಲ್ದಾಣ ಇತ್ತು. ಅವನಿಗೆ ಮೂರು ಪುಟದ ಉತ್ತರ ಬರೆದೆ.

ಇವತ್ತು ಮೇಜಿನ ಮೇಲಿರುವುದು ಬಾವಿಯೊಳಗೆ ನೂರಾರು ವರ್ಷದಿಂದ ಇರುವ ಹಾವಿನ ಕಥೆ. ನಾಲ್ಕನೇ ಪುಟದಲ್ಲಿ ಹುಡುಗಿ ಬಾವಿಗೆ ಬಗ್ಗಿ "ನೀವು ಇದ್ದೀರಾ?" ಅಂತ ಕೇಳುತ್ತಾಳೆ. ಹನ್ನೊಂದನೇ ಪುಟದಲ್ಲಿ "ನೀನು ಹೋಗಬೇಡ" ಅನ್ನುತ್ತಾಳೆ. ನಡುವೆ ಎಲ್ಲಿ ಬದಲಾಯಿತು ಅಂತ ಮೂರು ಸಲ ಓದಿದೆ. ಏಳನೇ ಪುಟದಲ್ಲಿ ಅವಳು ಹಾವಿಗೆ ತನ್ನ ಹೆಸರು ಹೇಳುತ್ತಾಳೆ, ಅಲ್ಲೇ ಇರಬಹುದು. ಹಾಳೆಯಲ್ಲಿ ಏಳರ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಕಥೆಗಾರ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು, ರಾತ್ರಿ ಎಂಟರ ಮೇಲೆ ಫೋನ್ ಎತ್ತುತ್ತಾನೆ.