‘ಅಂತೆ’ ಉದುರದ ಹಾಗೆ: ಹಿರಿಯರ ನೆನಪನ್ನು ನಾನು ದಾಖಲಿಸುವ ಬಗೆ

‘ನಮ್ಮಜ್ಜ ತುಂಬಿದ ಹೊಳೆ ಈಜಿ ದಾಟಿದರಂತೆ’ ಎಂದು ತಾಯಿ ಹೇಳುತ್ತಾಳೆ. ಇಪ್ಪತ್ತು ವರ್ಷದ ಮೇಲೆ ಮಗ ಅದನ್ನೇ ‘ನಮ್ಮ ಮುತ್ತಜ್ಜ ತುಂಬಿದ ಹೊಳೆ ಈಜಿ ದಾಟಿದ್ದರು’ ಎನ್ನುತ್ತಾನೆ. ನಡುವೆ ಉದುರಿದ್ದು ಒಂದೇ ಒಂದು ‘ಅಂತೆ’. ಆದರೆ ಕಂಡವರು ಯಾರು, ಕೇಳಿದವರು ಯಾರು ಎಂಬ ಲೆಕ್ಕವೂ ಅದರ ಜೊತೆಗೇ ಹೋಯಿತು. ಕಂಡದ್ದಕ್ಕೂ ಕೇಳಿದ್ದಕ್ಕೂ ಇರುವ ಗೆರೆಯನ್ನು ಕ್ರಿಯಾಪದದ ಬಾಲದಲ್ಲೇ ತೋರಿಸುವ ಸೌಕರ್ಯ ಕನ್ನಡದಲ್ಲಿದೆ. ಮನೆಯ ನೆನಪುಗಳನ್ನು ದಾಖಲಿಸುವಾಗ ಮೈಕಿನಿಂದ ಹಿಡಿದು ಮುದ್ರಿತ ಪುಟದವರೆಗೆ ನಾನು ಕಾಯುವುದು ಮುಖ್ಯವಾಗಿ ಈ ಗೆರೆಯನ್ನೇ.

ಮೊದಲ ಕೆಲಸ ರೆಕಾರ್ಡಿಂಗ್ ಅಲ್ಲ, ಒಂದು ಕಾಗದ. ಎಡದಲ್ಲಿ ಇಸವಿ, ಪಕ್ಕದಲ್ಲಿ ನೆನಪು ಹೇಳುವ ಹಿರಿಯರ ಆಗಿನ ವಯಸ್ಸು, ಇದ್ದ ಮನೆ, ಓದುತ್ತಿದ್ದ ತರಗತಿ ಅಥವಾ ಮಾಡುತ್ತಿದ್ದ ಕೆಲಸ, ಮನೆಯಲ್ಲಿ ಆದ ಹುಟ್ಟು ಸಾವು ಮದುವೆ. ಹೀಗೆ ಐದು ಕಂಬಸಾಲು. ಗೊತ್ತಿರುವಷ್ಟನ್ನು ಪೆನ್ಸಿಲ್‌ನಲ್ಲಿ ತುಂಬಿಸಿ, ಉಳಿದದ್ದನ್ನು ಖಾಲಿ ಬಿಡುತ್ತೇನೆ. ಮಾತು ನಡೆಯುವಾಗ ‘ಅದು ಯಾವ ಇಸವಿ?’ ಎಂದು ಕೇಳುವ ಅಗತ್ಯವೇ ಬರುವುದಿಲ್ಲ. ‘ಆಗ ಯಾವ ಮನೇಲಿ ಇದ್ದಿರಿ? ತಮ್ಮ ಹುಟ್ಟಿದ್ದನಾ?’ ಎಂದರೆ ಸಾಕು, ಕಾಗದವೇ ಇಸವಿ ಹೇಳುತ್ತದೆ. ಇಸವಿ ಕೇಳಿದರೆ ಹಿರಿಯರು ಪರೀಕ್ಷೆಗೆ ಕೂತವರಂತೆ ಬಿಗಿಯಾಗುತ್ತಾರೆ, ಇಲ್ಲವೇ ನಮ್ಮ ಸಮಾಧಾನಕ್ಕೆ ಒಂದು ಸಂಖ್ಯೆ ಹೇಳಿಬಿಡುತ್ತಾರೆ. ಎರಡನೆಯದೇ ಹೆಚ್ಚು ಅಪಾಯ.

ಊರಿಗೆಲ್ಲ ಗೊತ್ತಿರುವ ಘಟನೆಯನ್ನು ಗೂಟವಾಗಿ ಬಳಸುವಾಗಲೂ ಎಚ್ಚರ ಬೇಕು. 1910ರಲ್ಲಿ ಹ್ಯಾಲಿ ಧೂಮಕೇತುವನ್ನು ಕಂಡೆವು ಎಂದು ಹೇಳಿಕೊಂಡ ಎಷ್ಟೋ ಮಂದಿ ನಿಜಕ್ಕೂ ಕಂಡದ್ದು ಅದೇ ವರ್ಷದ ಜನವರಿಯಲ್ಲಿ ಹಗಲಿನಲ್ಲೂ ಕಾಣಿಸುವಷ್ಟು ಬೆಳಗಿದ ಇನ್ನೊಂದು ಧೂಮಕೇತುವನ್ನು ಇರಬೇಕು. ಹ್ಯಾಲಿ ಬಂದದ್ದು ಏಪ್ರಿಲ್–ಮೇ ಹೊತ್ತಿಗೆ. ಹೆಸರು ದೊಡ್ಡದಾದ ಕಡೆಗೆ ನೆನಪು ಜಾರುತ್ತದೆ. ಹಾಗಾಗಿ ಒಂದು ಗೂಟ ಸಾಲದು, ಎರಡು ಬೇಕು. ಒಂದು ಲೋಕದ್ದು, ಒಂದು ಮನೆಯದ್ದು.

ಯಾರಿಂದ ಶುರು ಮಾಡಬೇಕು? ಚೆನ್ನಾಗಿ ಕಥೆ ಹೇಳುವವರಿಂದ ಎಂದು ಎಲ್ಲರಿಗೂ ಆಸೆ. ನಾನು ಶುರು ಮಾಡುವುದು ಅತಿ ಹಿರಿಯರಿಂದ, ಅಥವಾ ಆರೋಗ್ಯ ಕೆಟ್ಟವರಿಂದ. ಚೆನ್ನಾಗಿ ಹೇಳುವವರ ಕಥೆ ಹೇಗೂ ಹತ್ತು ಜನರ ಕಿವಿಯಲ್ಲಿ ಇದೆ. ಮೂಲೆಯಲ್ಲಿ ಸುಮ್ಮನೆ ಕೂತವರದ್ದು ಅವರ ಜೊತೆಗೇ ಹೋಗುತ್ತದೆ. ಬಾಯಿಂದ ಬಾಯಿಗೆ ನಡೆಯುವ ಈ ಬಗೆಯ ನೆನಪಿನ ಆಯುಷ್ಯ ಎಂಬತ್ತರಿಂದ ನೂರು ವರ್ಷ, ಅಂದರೆ ಮೂರು ನಾಲ್ಕು ತಲೆಮಾರು ಎಂದು ಜರ್ಮನಿಯ ವಿದ್ವಾಂಸ ಯಾನ್ ಅಸ್ಮಾನ್ ಲೆಕ್ಕ ಹಾಕಿದ್ದರು.

ಇನ್ನು ಸಲಕರಣೆ. ಮೊಬೈಲ್ ಸಾಕು, ಆದರೆ ಅದರ ಒಳಗಿನ ಮೈಕ್ ಸಾಲದು. ಎಷ್ಟೇ ಅಗ್ಗದ್ದಾಗಲಿ, ತಂತಿ ಇರುವ ಒಂದು ಕಾಲರ್ ಮೈಕ್ ತೆಗೆದುಕೊಂಡು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಬೇಕು. ಸೆರಗು, ಸರ, ಶಾಲು ತಾಗಿದರೆ ಪ್ರತಿ ಉಸಿರಿಗೂ ಸರಸರ ಸದ್ದು. ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ಅದು ಪೂರ್ತಿ ಹೋಗುವುದಿಲ್ಲ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಧ್ವನಿಯನ್ನು ಹಿಂಡದೆ ಇಡುವ ವೇವ್ (.wav) ಕಡತ, 48 ಕಿಲೋಹರ್ಟ್ಸ್, 24 ಬಿಟ್, ಮೋನೋ. ಗಂಟೆಗೆ ಸುಮಾರು 520 ಎಂಬಿ ಜಾಗ ಹಿಡಿಯುತ್ತದೆ, ಶುರು ಮಾಡುವ ಮೊದಲು 2 ಜಿಬಿಯಾದರೂ ಖಾಲಿ ಇರಲಿ. ಧ್ವನಿ ಮಟ್ಟ ತೋರಿಸುವ ಮುಳ್ಳು ಗಟ್ಟಿ ಮಾತಿಗೆ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ಆಡಬೇಕು. ನಗುವಾಗ ಸೊನ್ನೆಗೆ ಬಡಿದರೆ ಧ್ವನಿ ಒಡೆಯುತ್ತದೆ, ಒಡೆದ ಧ್ವನಿಗೆ ಮದ್ದಿಲ್ಲ. ಏರೋಪ್ಲೇನ್ ಮೋಡ್ ಹಾಕುವುದನ್ನು ಮರೆತರೆ ಸರಿಯಾಗಿ ಮುಖ್ಯವಾದ ವಾಕ್ಯದ ನಡುವೆಯೇ ಕರೆ ಬರುತ್ತದೆ, ಕೆಲವು ಫೋನ್‌ಗಳಲ್ಲಿ ರೆಕಾರ್ಡಿಂಗ್ ಅಲ್ಲೇ ನಿಂತುಬಿಡುತ್ತದೆ. ವಾಟ್ಸ್ಆ್ಯಪ್ ಧ್ವನಿ ಸಂದೇಶದಲ್ಲಿ ಹಿಡಿಯುವವರಿದ್ದಾರೆ. ಅದು ಧ್ವನಿಯನ್ನು ಬಹಳ ಹಿಂಡಿ ಚಿಕ್ಕದಾಗಿಸುತ್ತದೆ. ಏನೂ ಇಲ್ಲದ್ದಕ್ಕಿಂತ ವಾಸಿ, ಅಷ್ಟೇ.

ಕೋಣೆ ಹುಡುಕುವಾಗ ಕಣ್ಣು ಮುಚ್ಚಿಕೊಂಡು ಒಂದು ನಿಮಿಷ ನಿಲ್ಲಿ. ಫ್ಯಾನು, ಫ್ರಿಜ್ಜು, ಗೋಡೆ ಗಡಿಯಾರದ ಟಿಕ್‌ಟಿಕ್ ಎಲ್ಲ ಆಗ ಕೇಳಿಸುತ್ತದೆ. ಖಾಲಿ ಗೋಡೆಯ ಕೋಣೆಗಿಂತ ಹಾಸಿಗೆ, ಪರದೆ, ಬಟ್ಟೆ ಇರುವ ಕೋಣೆ ಒಳ್ಳೆಯದು, ಪ್ರತಿಧ್ವನಿ ಕಡಿಮೆ. ಹತ್ತು ಸೆಕೆಂಡ್ ಪರೀಕ್ಷೆ ಮಾಡಿ, ಹೆಡ್‌ಫೋನ್ ಹಾಕಿ ಕೇಳಿ, ಆಮೇಲೆ ಶುರು. ಕಡತದ ತಲೆಗೆ ನನ್ನ ಧ್ವನಿಯಲ್ಲೇ ದಿನಾಂಕ, ಸ್ಥಳ, ಇಬ್ಬರ ಹೆಸರು, ಎಷ್ಟನೇ ಕಂತು ಎಂದು ಹೇಳುತ್ತೇನೆ. ನಂತರ ‘ರೆಕಾರ್ಡ್ ಮಾಡಬಹುದಾ? ಯಾರ್‍ಯಾರು ಕೇಳಬಹುದು?’ ಎಂದು ಕೇಳಿ ಅವರ ಉತ್ತರವನ್ನೂ ಹಿಡಿದುಕೊಳ್ಳುತ್ತೇನೆ. ಕಡತದ ಹೆಸರು ಅಳಿದರೂ ಒಳಗಿನ ಧ್ವನಿ ಅದು ಏನೆಂದು ಹೇಳುತ್ತದೆ.

ಮನೆಯಲ್ಲಿ ‘ಅಜ್ಜಿ, ನೀನು’ ಎಂದು ಮಾತಾಡುವವರು ಮೈಕ್ ಇದೆ ಎಂದು ‘ನೀವು, ತಾವು’ಗೆ ಏರಬಾರದು. ಕೇಳುವವರ ಮಾತು ಬಿಗಿದರೆ ಹೇಳುವವರ ಮಾತೂ ಬಿಗಿದು ಭಾಷಣವಾಗುತ್ತದೆ.

‘ನಿಮ್ಮ ಬಾಲ್ಯದ ಬಗ್ಗೆ ಹೇಳಿ’ ಎಂಬುದು ಅತ್ಯಂತ ಕೆಟ್ಟ ಮೊದಲ ಪ್ರಶ್ನೆ. ‘ಏನಿದೆ ಹೇಳೋಕೆ, ಎಲ್ಲರ ಹಾಗೇ’ ಎಂಬ ಉತ್ತರ ಬರುತ್ತದೆ, ಬಾಗಿಲು ಮುಚ್ಚುತ್ತದೆ. ನಾನು ಬಿಳಿ ಹಾಳೆ, ಪೆನ್ಸಿಲ್ ಕೊಟ್ಟು ಅವರು ಹುಟ್ಟಿ ಬೆಳೆದ ಮನೆಯ ನಕ್ಷೆ ಬರೆಯಲು ಹೇಳುತ್ತೇನೆ. ಬಾಗಿಲು ಎತ್ತ ಕಡೆ, ನೀರು ಎಲ್ಲಿಂದ ಬರುತ್ತಿತ್ತು, ಯಾರು ಎಲ್ಲಿ ಮಲಗುತ್ತಿದ್ದರು, ಕತ್ತಲಾದ ಮೇಲೆ ಯಾವ ಮೂಲೆಗೆ ಹೋಗಲು ಭಯ. ಅರ್ಧ ಗಂಟೆ ಇದರಲ್ಲೇ ಕಳೆಯುತ್ತದೆ, ಕಳೆಯಲಿ. ‘ಇಲ್ಲಿ ಮಲಗ್ತಿದ್ದಳು’ ಎಂದು ಬೆರಳಿಟ್ಟ ಜಾಗದಿಂದ ಯಾರೂ ಹೆಸರೆತ್ತದ ಒಬ್ಬ ಅತ್ತೆ ಎದ್ದು ಬರುವುದು ಇಂಥ ಹೊತ್ತಿನಲ್ಲೇ. ಆದರೆ ಧ್ವನಿಯಲ್ಲಿ ‘ಇಲ್ಲಿ’, ‘ಇಷ್ಟು ದೊಡ್ಡದು’ ಎಂದರೆ ಏನೂ ಕಾಣುವುದಿಲ್ಲವಲ್ಲ, ಆದ್ದರಿಂದ ‘ಅಡುಗೆಮನೆಯ ಹಿಂದಿನ ಕೋಣೆ’, ‘ಮೊಣಕಾಲಷ್ಟು ಎತ್ತರ’ ಎಂದು ನಾನೇ ಬಾಯಿಬಿಟ್ಟು ಹೇಳುತ್ತೇನೆ. ಹಾಳೆಗೆ ದಿನಾಂಕ ಹಾಕಿ ಕಡತದ ಜೊತೆ ಇಡುತ್ತೇನೆ.

ಹತ್ತರಿಂದ ಮೂವತ್ತು ವಯಸ್ಸಿನ ನಡುವಿನ ನೆನಪು ವೃದ್ಧಾಪ್ಯದಲ್ಲಿ ಉಳಿದೆಲ್ಲಕ್ಕಿಂತ ದಟ್ಟವಾಗಿ ಉಳಿದಿರುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡಿದ್ದಾರೆ. ಮೊದಲ ಎರಡು ಕಂತುಗಳನ್ನು ಅಲ್ಲಿಗೇ ಮೀಸಲಿಡುವುದು ಲಾಭ. ಮೂರು ವರ್ಷಕ್ಕಿಂತ ಮೊದಲಿನದ್ದನ್ನು ಯಾರಾದರೂ ಸ್ಪಷ್ಟವಾಗಿ ವರ್ಣಿಸಿದರೆ ಅದು ಬಹುತೇಕ ಕೇಳಿ ಕೇಳಿ ತಮ್ಮದಾದ ನೆನಪು.

ಇಲ್ಲಿ ‘ಅಂತೆ’ಯ ಕಷ್ಟ ಶುರುವಾಗುತ್ತದೆ. ಹೇಳುವವರು ‘ಹೋದನಂತೆ, ಬಾಗಿಲು ತಟ್ಟಿದನಂತೆ’ ಎಂದು ಶುರು ಮಾಡಿ, ಕಥೆ ಬಿಸಿಯಾದ ಹಾಗೆ ‘ಒಳಗಿಂದ ಅವಳು ಕೂಗಿದಳು’ ಎಂದು ಕಣ್ಣಾರೆ ಕಂಡ ಧಾಟಿಗೆ ಜಾರುತ್ತಾರೆ. ಸುಳ್ಳಲ್ಲ ಅದು, ಕಥೆಯ ಓಟ. ನಡುವೆ ತಡೆಯಬಾರದು. ಮುಗಿದ ಮೇಲೆ ಒಂದೇ ಪ್ರಶ್ನೆ: ‘ಆಗ ನೀವು ಎಲ್ಲಿ ನಿಂತಿದ್ದಿರಿ?’ ಕಂಡವರಾದರೆ ತಕ್ಷಣ ಜಾಗ ಹೇಳುತ್ತಾರೆ. ಕಾಣದವರಾದರೆ ‘ನಾನಿನ್ನೂ ಹುಟ್ಟಿರಲಿಲ್ಲ, ಅಮ್ಮ ಹೇಳ್ತಿದ್ದರು’ ಎಂದು ತಾವೇ ಸರಪಳಿ ಬಿಚ್ಚುತ್ತಾರೆ. ‘ನಿಜವಾಗಿ ನೋಡಿದ್ದೀರಾ?’ ಎಂದು ಕೇಳಿದರೆ ಅದು ಅನುಮಾನವಾಗಿ ತಾಗುತ್ತದೆ.

ಸಂಬಂಧದ ಪದಗಳೂ ಹೀಗೇ ಕೈಕೊಡುತ್ತವೆ. ‘ಅತ್ತೆ’ ಎಂದರೆ ಅಪ್ಪನ ತಂಗಿಯೋ, ಗಂಡನ ತಾಯಿಯೋ, ಮಾವನ ಹೆಂಡತಿಯೋ? ‘ಅವರು ಹೋಗಿಬಿಟ್ಟರು’ ಎಂದರೆ ಒಬ್ಬರೋ ಹಲವರೋ, ಊರು ಬಿಟ್ಟರೋ ತೀರಿಕೊಂಡರೋ? ಮಾತಿನ ಹೊತ್ತಿನಲ್ಲಿ ಎಲ್ಲರಿಗೂ ಸ್ಪಷ್ಟ, ಮೂವತ್ತು ವರ್ಷದ ಮೇಲೆ ಯಾರಿಗೂ ಇಲ್ಲ. ಪ್ರತಿ ವ್ಯಕ್ತಿ ಮೊದಲ ಸಲ ಬಂದಾಗ ಹೆಸರನ್ನು ಬಾಯಿಬಿಟ್ಟು ಹೇಳಿಸಿಕೊಳ್ಳಬೇಕು.

‘ಹೂಂ’ ಇನ್ನೊಂದು ತೊಡಕು. ಹೂಂಗುಟ್ಟದಿದ್ದರೆ ನಮ್ಮ ಹಿರಿಯರಿಗೆ ಕಥೆ ಮುಂದಕ್ಕೆ ಹೋಗುವುದೇ ಇಲ್ಲ; ಹೂಂಗುಟ್ಟಿದರೆ ಅವರ ವಾಕ್ಯದ ಕೊನೆಯ ಪದ ಮುಚ್ಚಿಹೋಗುತ್ತದೆ. ‘ಅಂತೆ’ ಇರುವುದು ಸರಿಯಾಗಿ ಆ ಜಾಗದಲ್ಲಿ! ಹಾಗಾಗಿ ‘ನಾನು ತಲೆ ಆಡಿಸ್ತೀನಿ, ಸದ್ದು ಮಾಡಲ್ಲ’ ಎಂದು ಮೊದಲೇ ಹೇಳಿ, ಕಣ್ಣಲ್ಲಿ ಕಣ್ಣಿಟ್ಟು ತಲೆಯಾಡಿಸುತ್ತೇನೆ. ಅವರು ಮಾತು ನಿಲ್ಲಿಸಿದಾಗ ಮನಸ್ಸಿನಲ್ಲಿ ಎಂಟರವರೆಗೆ ಎಣಿಸುತ್ತೇನೆ. ಸಾಮಾನ್ಯವಾಗಿ ಐದು ಆರಕ್ಕೆ ಹೊಸ ಮಾತು ಹುಟ್ಟುತ್ತದೆ.

ಒಂದು ಕಂತು ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ನಡುವೆ ಎರಡು ಮೂರು ದಿನ ಬಿಡಬೇಕು. ಮೊದಲ ಕಂತಿನಲ್ಲಿ ಕಲಕಿದ್ದು ಆ ದಿನಗಳಲ್ಲಿ ಮೇಲೆ ಬರುತ್ತದೆ, ಎರಡನೆಯದು ಯಾವಾಗಲೂ ಮೊದಲನೆಯದಕ್ಕಿಂತ ಹುಲುಸು. ದುಃಖದ ವಿಷಯ ಬಂದರೆ ರೆಕಾರ್ಡರ್ ನಿಲ್ಲಿಸಲೇ ಎಂದು ಕೇಳಿ. ಕಂತಿನ ಕೊನೆಯ ಹತ್ತು ನಿಮಿಷ ಮಾತ್ರ ಹಗುರ ವಿಷಯಕ್ಕೆ ತಿರುಗಿಸಿ, ಅಳುವಿನಲ್ಲಿ ಒಬ್ಬರನ್ನೇ ಬಿಟ್ಟು ಏಳಬಾರದು. ಮರೆವಿನ ಕಾಯಿಲೆ ಇರುವವರ ಜೊತೆ ಹದಿನೈದು ನಿಮಿಷ ಸಾಕು. ಅಲ್ಲಿ ಪ್ರಶ್ನೆಗಿಂತ ಹಳೆಯ ವಸ್ತುವೊಂದನ್ನು ಕೈಗೆ ಕೊಡುವುದು, ಹಾಡಿನ ಮೊದಲ ಸಾಲು ಗುನುಗುವುದು ಕೆಲಸ ಮಾಡುತ್ತದೆ.

ಫೋಟೋ ಆಲ್ಬಂ ತೆರೆದು ಶುರು ಮಾಡುವುದು ಸಾಮಾನ್ಯ ಸಲಹೆ. ನನಗೆ ಒಪ್ಪಿಗೆ ಇಲ್ಲ. ಫೋಟೋ ನೆನಪನ್ನು ಎಬ್ಬಿಸುತ್ತದೆ ನಿಜ, ಹೊಸದಾಗಿ ಹುಟ್ಟಿಸುತ್ತದೆ ಕೂಡ. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 20 ಜನರಿಗೆ ಅವರ ಬಾಲ್ಯದ ಫೋಟೋವನ್ನು ತಿದ್ದಿ, ಬಿಸಿಗಾಳಿ ಬಲೂನಿನಲ್ಲಿ ಕೂತಂತೆ ತೋರಿಸಿದರು. ಎಂದೂ ಆಗದ ಆ ಪ್ರಯಾಣವನ್ನು ಅರ್ಧದಷ್ಟು ಜನ ಪೂರ್ತಿಯಾಗಿಯೋ ಭಾಗಶಃವೋ ‘ನೆನಪಿಸಿಕೊಂಡರು’. ಆದ್ದರಿಂದ ಮೊದಲು ಬರಿಗೈ ಮಾತು, ಮೂರನೇ ಕಂತಿನಲ್ಲಿ ಫೋಟೋ. ಪ್ರತಿ ಫೋಟೋಗೂ ಮೊದಲೇ ಸಂಖ್ಯೆ ಕೊಟ್ಟಿರಬೇಕು, ‘ಹದಿನಾಲ್ಕನೇ ಫೋಟೋ’ ಎಂದು ಜೋರಾಗಿ ಹೇಳಿ ಮುಂದುವರಿಯಬೇಕು. ‘ಇವರು ಯಾರು’ ಆದ ಮೇಲೆ ‘ಫೋಟೋ ತೆಗೆದವರು ಯಾರು, ಅವತ್ತು ಮನೆಯಲ್ಲಿದ್ದೂ ಇದರಲ್ಲಿ ಇಲ್ಲದವರು ಯಾರು’ ಎಂದು ಕೇಳಿ. ಸ್ಕ್ಯಾನ್ 600 ಡಿಪಿಐನಲ್ಲಿ, ಟಿಫ್ ಕಡತವಾಗಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು. ಫೋಟೋ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದರೆ ಮುಂದೆ ಉಬ್ಬುತ್ತದೆ. ಮೆತ್ತನೆಯ ಪೆನ್ಸಿಲ್‌ನಲ್ಲಿ ಅಂಚಿಗೆ ಬರೆಯಿರಿ, ನುಣುಪು ಕಾಗದಕ್ಕೆ ಪೆನ್ಸಿಲ್ ಹಿಡಿಯದಿದ್ದರೆ ಲಕೋಟೆಗೆ ಹಾಕಿ ಲಕೋಟೆಯ ಮೇಲೆ.

ಅಣ್ಣ ತಂಗಿಯರನ್ನು ಒಟ್ಟಿಗೆ ಕೂರಿಸುವ ಮೊದಲು ಬೇರೆ ಬೇರೆ ಕೇಳಬೇಕು. ಒಟ್ಟಿಗೆ ಕೂತರೆ ಜೋರು ದನಿಯವರ ಪಾಠವೇ ಎಲ್ಲರ ಪಾಠವಾಗುತ್ತದೆ. ಎರಡು ಪಾಠ ಹೊಂದದಿದ್ದರೆ ಎರಡನ್ನೂ ಇಡಿ, ಸರಾಸರಿ ತೆಗೆಯಬೇಡಿ. ಇಟಲಿಯ ಟೆರ್ನಿ ಎಂಬ ಉಕ್ಕಿನ ಊರಿನಲ್ಲಿ ಲುಯಿಜಿ ಟ್ರಾಸ್ಟುಲ್ಲಿ ಎಂಬ ಕಾರ್ಮಿಕ 1949ರಲ್ಲಿ, ನೇಟೋ ವಿರೋಧಿ ಪ್ರತಿಭಟನೆಯ ವೇಳೆ ಪೊಲೀಸರ ಕೈಯಲ್ಲಿ ಸತ್ತ. ಮೌಖಿಕ ಇತಿಹಾಸಕಾರ ಅಲೆಸ್ಸಾಂಡ್ರೊ ಪೊರ್ಟೆಲ್ಲಿ ಕೇಳಿದಾಗ ಹಲವರು ಆ ಸಾವನ್ನು 1953ಕ್ಕೆ, ಸಾವಿರಾರು ಕಾರ್ಮಿಕರನ್ನು ಕೆಲಸದಿಂದ ತೆಗೆದಾಗಿನ ಹೋರಾಟಕ್ಕೆ ಸೇರಿಸಿ ಹೇಳಿದರು. ಪೊರ್ಟೆಲ್ಲಿ ತಪ್ಪನ್ನು ತಿದ್ದಿ ಕೈಬಿಡಲಿಲ್ಲ, ಊರು ಏಕೆ ಹಾಗೆ ನೆನಪಿಟ್ಟಿತು ಎಂದು ಕೇಳಿದರು. ಮನೆಯ ಕಥೆಗೂ ಅದೇ ಪ್ರಶ್ನೆ ಸಲ್ಲುತ್ತದೆ.

ಬರಹಕ್ಕಿಳಿಸುವುದು ಎಲ್ಲರೂ ಸೋಲುವ ಹಂತ. ಒಂದು ಗಂಟೆಯ ಮಾತಿಗೆ ಐದರಿಂದ ಎಂಟು ಗಂಟೆ ಬೇಕು. ಅಷ್ಟು ಪುರುಸೊತ್ತಿಲ್ಲದವರು ಸೂಚಿಯನ್ನಾದರೂ ಮಾಡಿ: ಎಷ್ಟನೇ ನಿಮಿಷ, ಯಾರ ವಿಷಯ, ಒಂದು ಸಾಲು. ಯಂತ್ರದಿಂದ ಕರಡು ಮಾಡಿಸಬಹುದು, ಆದರೆ ಆಡುಮಾತು, ಊರ ಹೆಸರು, ಮನೆಹೆಸರುಗಳಲ್ಲಿ ಅದು ಎಡವುತ್ತದೆ. ಪೂರ್ತಿ ಕೇಳಿ ತಿದ್ದದೆ ನಂಬುವ ಹಾಗಿಲ್ಲ. ಯಂತ್ರಕ್ಕಿಂತ ಹೆಚ್ಚು ಹಾನಿ ಮಾಡುವುದು ನಮ್ಮೊಳಗಿನ ಕನ್ನಡ ಮೇಷ್ಟ್ರು. ‘ಹೋಗಿದ್ರಂತೆ ಕಣೋ’ ಎಂಬುದನ್ನು ‘ಹೋಗಿದ್ದರು’ ಎಂದು ಶುದ್ಧ ಮಾಡಿದ ಕ್ಷಣ ದಾಖಲೆ ಕೆಟ್ಟಿತು. 1932ರಲ್ಲಿ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ ಪ್ರಕಟಿಸಿದ ಪ್ರಯೋಗಗಳಲ್ಲಿ ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲಿಷ್ ಓದುಗರು ಮತ್ತೆ ಹೇಳುವಾಗ ಮೂಲ ಕಥೆಯ ಹುಟ್ಟುದೋಣಿ (ಕನೂ) ಬರೀ ದೋಣಿಯಾಯಿತು, ಅರ್ಥವಾಗದ ಭಾಗಗಳು ಉದುರಿದವು. ನಮಗೆ ಅರ್ಥವಾಗದ ಪದ ಬಂದಾಗ ಕೇಳಿದ ಹಾಗೇ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು, ಗೊತ್ತಿರುವ ಪದಕ್ಕೆ ಬದಲಿಸಬಾರದು. ನಾನು ಸೇರಿಸಿದ್ದೆಲ್ಲ ಚೌಕ ಕಂಸದಲ್ಲಿ.

ಪುಟದ ಎಡಗಡೆ ಎರಡು ಬೆರಳಷ್ಟು ಜಾಗ ಬಿಡುತ್ತೇನೆ. ಅಲ್ಲಿ ಪ್ರತಿ ಪ್ರಸಂಗಕ್ಕೂ ಒಂದು ಗುರುತು: ಕಂಡದ್ದಕ್ಕೆ ‘ಕಂ’, ಕೇಳಿದ್ದಕ್ಕೆ ‘ಕೇ’, ಊಹೆಗೆ ‘ಊ’. ‘ಕೇ’ ಆದರೆ ಯಾರಿಂದ ಎಂಬುದೂ ಬರುತ್ತದೆ: ‘ಕೇ, ತಾಯಿಯಿಂದ, ಅವರು ತಮ್ಮ ಅಜ್ಜಿಯಿಂದ’. ಗುರುತು ಹಾಕಲು ಆಗದ ಪ್ರಸಂಗಗಳೇ ಮುಂದಿನ ಕಂತಿನ ಪ್ರಶ್ನೆಪಟ್ಟಿ.

ಉಳಿಸುವುದು ಸರಳ, ಆದರೂ ಜನ ಮಾಡುವುದಿಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಮನೆಯಲ್ಲಿ. ಪೆನ್‌ಡ್ರೈವ್ ಸಾಗಿಸಲಿಕ್ಕೆ, ಇಡಲಿಕ್ಕಲ್ಲ. ಕಡತದ ಹೆಸರು ವರ್ಷ, ತಿಂಗಳು, ದಿನ, ಆಮೇಲೆ ಹೆಸರು, ಕಂತು ಎಂಬ ಕ್ರಮದಲ್ಲಿದ್ದರೆ ತಾನಾಗಿಯೇ ಸಾಲಾಗಿ ನಿಲ್ಲುತ್ತದೆ. ಮೂಲ ವೇವ್ ಕಡತವನ್ನು ಎಂದೂ ತಿದ್ದಬೇಡಿ. ಹಂಚಲು ಎಂಪಿ3 ಪ್ರತಿ ಮಾಡಿಕೊಳ್ಳಿ. ವರ್ಷಕ್ಕೊಮ್ಮೆ ಪ್ರತಿಯೊಂದು ಪ್ರತಿಯನ್ನೂ ತೆರೆದು ಕೇಳಬೇಕು. ‘ಈಗ ಬೇಡ’ ಎಂದು ಅವರು ಹೇಳಿದ ಭಾಗವನ್ನು ಅಳಿಸದೆ, ಬೇರೆ ಕಡತದಲ್ಲಿ, ಯಾವಾಗ ತೆರೆಯಬಹುದು ಎಂಬ ಅವರ ಮಾತಿನ ಜೊತೆ ಇಡುತ್ತೇನೆ. ಅಳಿಸಿ ಎಂದೇ ಹೇಳಿದರೆ ಅಳಿಸುತ್ತೇನೆ, ಅದರಲ್ಲಿ ಚರ್ಚೆಯಿಲ್ಲ.

ಬರಹ ಮುಗಿದ ಮೇಲೆ ಅದನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಹೇಳಿದವರ ಎದುರು ಓದಬೇಕು, ಆಗಲೂ ರೆಕಾರ್ಡರ್ ಓಡುತ್ತಿರಬೇಕು. ‘ಹಾಗಲ್ಲ, ಅವತ್ತು ಮಳೆ ಇರಲಿಲ್ಲ’ ಎಂದು ಅವರು ತಿದ್ದಿದರೆ ಹಳೆಯ ಸಾಲನ್ನು ಹೊಡೆದು ಹಾಕುವುದಿಲ್ಲ, ತಿದ್ದುಪಡಿಯನ್ನು ದಿನಾಂಕ ಸಹಿತ ಕೆಳಗೆ ಬರೆಯುತ್ತೇನೆ. ಎಡಗಡೆಯ ಗುರುತುಗಳನ್ನೂ ಓದಿ ಹೇಳುತ್ತೇನೆ. ‘ಕಂ’ ಎಂದು ನಾನು ಹಾಕಿದ ಒಂದೆರಡನ್ನಾದರೂ ಅವರು ಆಗ ‘ಕೇ’ ಮಾಡಿಸುತ್ತಾರೆ.